ಕಾಯಿ ಬಿರಿಯುವ ಬಗೆ

ತೊಪ್ಪೂರು ಘಾಟಿನ ಕುರುಚಲಿನಲ್ಲಿ ಗುಲಗಂಜಿ ಕಾಯಿ ಬಿರಿಯುವುದನ್ನು ನೋಡಬೇಕೆಂದರೆ ಹಿಂಗಾರಿನ ಮಳೆ ಪೂರ್ತಿ ನಿಲ್ಲಬೇಕು. ಪುಷ್ಯ ಮಾಸದ ಹೊತ್ತಿಗೆ ಕಾರೆ ಮುಳ್ಳಿನ ಪೊದೆಗಳ ಮೇಲೆ ಹಬ್ಬಿದ ಬಳ್ಳಿ ಎಲೆ ಉದುರಿಸತೊಡಗುತ್ತದೆ. ಅಷ್ಟು ದಿನ ಎಲೆಯ ಮರೆಯಲ್ಲಿದ್ದ ಕಾಯಿಗೊಂಚಲು ಹೊರಗೆ ಕಾಣುತ್ತದೆ. ಒಂದೊಂದು ಕಾಯಿಯೂ ಮೂರು ಸೆಂಟಿಮೀಟರಿನ ಆಸುಪಾಸು. ಹಸಿರು ಹೋಗಿ ಕಂದಾಗಿ, ತುದಿಯಲ್ಲಿ ಸಣ್ಣ ಬಿರುಕು ಬಿಟ್ಟು, ಎರಡೂ ಅಂಚಿನಗುಂಟ ಸೀಳುತ್ತದೆ. ಆಮೇಲೆ ಎರಡು ಹೋಳುಗಳೂ ಹಿಂದಕ್ಕೆ ಸುರುಳಿಯಾಗುತ್ತವೆ. ಒಳಮೈ ಹೊರಗೆ ಬರುತ್ತದೆ. ಅದರ ಮೇಲೆ ಸಾಲಾಗಿ ನಾಲ್ಕೋ ಐದೋ ಬೀಜ, ಕೆಂಪು ಮೈ, ಕಪ್ಪು ಕಣ್ಣು.

ಬೀಜ ಉದುರುವುದಿಲ್ಲ. ಕಾಯಿ ಬಿರಿದ ಮೇಲೂ ವಾರಗಟ್ಟಲೆ ಹೋಳಿಗೆ ಅಂಟಿಕೊಂಡೇ ಇರುತ್ತದೆ. ಗಾಳಿಗೆ ಗೊಂಚಲು ಅಲುಗಾಡಿದರೂ, ಆಡು ಬಂದು ಪೊದೆಯನ್ನು ಎಳೆದರೂ ಅಲ್ಲೇ ಇರುತ್ತದೆ. ಹೆಚ್ಚಿನ ಕಾಯಿಗಳಿಗೆ ಬಿರಿಯುವುದೆಂದರೆ ಬೀಜವನ್ನು ಬಿಟ್ಟುಕೊಡುವುದು. ಗುಲಗಂಜಿ ಬಿರಿಯುವುದು ತೋರಿಸಲಿಕ್ಕೆ.

ನನ್ನ ಹೊಟ್ಟೆಪಾಡು ರಟ್ಟಿನ ಪೆಟ್ಟಿಗೆಗಳ ವಿನ್ಯಾಸ. ನಕ್ಷೆ ಮಾಡುವುದು ಸೇಲಂನಲ್ಲಿ, ಮುದ್ರಣ ಶಿವಕಾಶಿಯಲ್ಲಿ. ಈಗ ಮೇಜಿನ ಮೇಲಿರುವುದು ಕಾಂಟ್ಯಾಕ್ಟ್ ಲೆನ್ಸ್ ಇಡುವ ಪೆಟ್ಟಿಗೆ. ಮುದ್ರಣಾಲಯದಿಂದ ಅದು ಚಪ್ಪಟೆಯಾಗಿ ಬರಬೇಕು, ಅಂಗಡಿಯಲ್ಲಿ ಎರಡು ಬೆರಳಿನ ಒತ್ತಿಗೆ ಎದ್ದು ನಿಲ್ಲಬೇಕು, ಮುಂಭಾಗ ತೆರೆದರೆ ಒಳಗಿನ ಪೊಟ್ಟಣಗಳು ಸಾಲಾಗಿ ಕಾಣಬೇಕು, ಆದರೆ ಒಂದೂ ಕೆಳಗೆ ಬೀಳಬಾರದು. ಹೀಗೆ ಬರೆದುಕೊಂಡು ನೋಡಿದರೆ, ಬೆಟ್ಟದ ಮೇಲೆ ಬಿಡುವಿನ ದಿನಗಳಲ್ಲಿ ನಾನು ನೋಡುತ್ತಿದ್ದದ್ದೂ ಇದೇ ಆಗಿತ್ತು. ಅಲ್ಲಿಂದಾಚೆಗೆ ಟಿಪ್ಪಣಿ ಪುಸ್ತಕದಲ್ಲಿ ಕಾಯಿಯ ಪುಟ, ಪೆಟ್ಟಿಗೆಯ ಪುಟ ಎಂದು ಬೇರೆ ಬೇರೆ ಇಟ್ಟಿಲ್ಲ.

ಲೆನ್ಸಿನ ಪೊಟ್ಟಣದ ಬಗ್ಗೆ ಒಂದಿಷ್ಟು ಹೇಳಬೇಕು. ಮೆತ್ತನೆಯ ಲೆನ್ಸ್ ನೀರು ಹೀರಿಕೊಂಡ ಪ್ಲಾಸ್ಟಿಕ್. ಇಂಥ ವಸ್ತುವನ್ನು ರೂಪಿಸಿದವರು ಚೆಕೊಸ್ಲೊವಾಕಿಯಾದ ಒಟ್ಟೊ ವಿಕ್ಟರ್ಲೆ ಮತ್ತು ದ್ರಹೊಸ್ಲಾವ್ ಲಿಮ್. 1961ರ ಕ್ರಿಸ್‌ಮಸ್ ಹೊತ್ತಿನಲ್ಲಿ ವಿಕ್ಟರ್ಲೆ ಮಕ್ಕಳ ಜೋಡಣೆ ಆಟಿಕೆಯ ಬಿಡಿಭಾಗಗಳಿಂದ ಮನೆಯಲ್ಲೇ ಒಂದು ಯಂತ್ರ ಕಟ್ಟಿ, ತಿರುಗುವ ಅಚ್ಚಿನಲ್ಲಿ ಲೆನ್ಸ್ ಎರಕ ಹೊಯ್ದರು. ಆ ಲೆನ್ಸ್ ಒದ್ದೆಯಿದ್ದರೆ ರೇಷ್ಮೆಯಷ್ಟು ಮೆದು, ಒಣಗಿದರೆ ಗರಿಗರಿಯಾಗಿ ಒಡೆಯುತ್ತದೆ. ಹಾಗಾಗಿ ಪಾಲಿಪ್ರೊಪಿಲೀನಿನ ಪುಟ್ಟ ಬಟ್ಟಲಲ್ಲಿ ಲವಣದ ನೀರು ತುಂಬಿ, ಅದರಲ್ಲಿ ಲೆನ್ಸ್ ಮುಳುಗಿಸಿ, ಮೇಲೆ ಫಾಯಿಲನ್ನು ಕಾಯಿಸಿ ಅಂಟಿಸುತ್ತಾರೆ. ಮುಚ್ಚಿದ ಮೇಲೆ ಪೊಟ್ಟಣವನ್ನೇ ಸುಮಾರು 121 ಡಿಗ್ರಿ ಸೆಲ್ಸಿಯಸ್ ಹಬೆಯಲ್ಲಿಟ್ಟು ಕ್ರಿಮಿಶುದ್ಧ ಮಾಡುತ್ತಾರೆ. ಬೀಜಕ್ಕೂ ಲೆನ್ಸಿಗೂ ಇರುವ ಅಂತರ ಇಲ್ಲಿದೆ. ಕಾಯಿ ಬೀಜವನ್ನು ಒಣಗಿಸಿ ಕಾಪಾಡುತ್ತದೆ, ಪೊಟ್ಟಣ ಲೆನ್ಸನ್ನು ನೆನೆಸಿಟ್ಟು ಕಾಪಾಡುತ್ತದೆ. ತೇವದ ಜವಾಬ್ದಾರಿ ಪೂರ್ತಿ ಫಾಯಿಲಿನದು, ರಟ್ಟಿಗೆ ಅದರಲ್ಲಿ ಪಾಲಿಲ್ಲ. ರಟ್ಟಿನ ಕೆಲಸ ನಿಲ್ಲುವುದು, ತೆರೆದುಕೊಳ್ಳುವುದು, ಕಾಣಿಸುವುದು.

ಪೆನ್ನಾಗರದಿಂದ ಹೊಗೇನಕಲ್ಲಿಗೆ ಇಳಿಯುವ ದಾರಿಯ ಪಕ್ಕದಲ್ಲೂ ಗುಲಗಂಜಿ ಇದೆ. ಅಲ್ಲಿ ಆಡು ಮೇಯಿಸುತ್ತಿದ್ದ ಒಬ್ಬ ಅಜ್ಜಿ ನಾನು ಪೊದೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತದ್ದನ್ನು ನೋಡಿ ಹತ್ತಿರ ಬಂದರು. ಮೊದಲು ತಮಿಳಿನಲ್ಲಿ ಕೇಳಿದರು, ನನ್ನ ಮಾತಿನ ವರಸೆ ಕೇಳಿ ಕನ್ನಡಕ್ಕೆ ಹೊರಳಿದರು.

"ಗುಲಗಂಜಿ ಆಯ್ತಾ ಇದ್ದೀಯೇನಪ್ಪಾ? ಬಾಯಿಗೆ ಗೀಯಿಗೆ ಹಾಕ್ಬೇಡ, ವಿಷ ಅದು."

"ಇಲ್ಲ ಅಜ್ಜಿ, ಹೆಂಗೆ ಬಿರೀತದೆ ಅಂತ ನೋಡ್ತಾ ಇದ್ದೀನಿ."

"ಅದ್ರಲ್ಲಿ ನೋಡಕ್ಕೇನೈತೆ? ಬಿಸ್ಲು ಬಿದ್ರೆ ತಾನೇ ಬಾಯಿ ಬಿಡ್ತದೆ."

ಅಜ್ಜಿ ಹೇಳಿದ್ದು ನೂರಕ್ಕೆ ನೂರು ಸರಿ. ಕಾಯಿಯನ್ನು ತೆರೆಯಲು ಹೊರಗಿನಿಂದ ಯಾರೂ ಬೇಕಿಲ್ಲ, ಬಿಸಿಲೇ ಸಾಕು. ವಿಷದ ಮಾತೂ ನಿಜ. ಬೀಜದೊಳಗಿನ ಆಬ್ರಿನ್ ಘೋರ ವಿಷ. ತೂಕ ಹೆಚ್ಚುಕಡಿಮೆ ಒಂದೇ ಸಮನಿರುವುದರಿಂದ ಅಕ್ಕಸಾಲಿಗರ ತಕ್ಕಡಿಯಲ್ಲಿ ಶತಮಾನಗಳ ಕಾಲ ಈ ಬೀಜ ತೂಕದ ಬಟ್ಟಾಗಿತ್ತು, ಒಂದರ ತೂಕ ಸುಮಾರು 0.12 ಗ್ರಾಂ. ಹೊರಗಿನ ಸಿಪ್ಪೆ ಕಲ್ಲಿನಷ್ಟು ಗಟ್ಟಿ. ಬೀಜದ ಮೇಲೆ ತಿನ್ನುವಂಥ ತಿರುಳು ಎಳ್ಳಷ್ಟೂ ಇಲ್ಲ. ಆದರೂ ದೂರದಿಂದ ನೋಡಿದವರಿಗೆ ಹಣ್ಣಿನ ಗೊಂಚಲು! ಇಂಥ ಬೀಜಗಳು ಬಣ್ಣದಿಂದ ಹಕ್ಕಿಯನ್ನು ನಂಬಿಸಿ ನುಂಗಿಸಿಕೊಳ್ಳುತ್ತವೆ ಎಂದು ಸಸ್ಯಶಾಸ್ತ್ರಜ್ಞರಲ್ಲಿ ಬಹುಕಾಲದ ಚರ್ಚೆಯಿದೆ. ತೊಪ್ಪೂರಿನಲ್ಲಿ ನಾನು ಕಂಡದ್ದು ಇಷ್ಟು: ಪಿಕಳಾರವೊಂದು ಬಂದು ಕೂತಿತು, ಕತ್ತು ವಾರೆ ಮಾಡಿ ನೋಡಿತು, ಒಂದು ಬೀಜವನ್ನು ಕುಟುಕಿತು, ಹಾರಿಹೋಯಿತು. ಬೀಜ ಕಾಯಿಯಲ್ಲೇ ಉಳಿಯಿತು.

ಇದರ ಪಕ್ಕದಲ್ಲಿ ಸೀಮೆಹುಣಸೆಯನ್ನು ಇಟ್ಟು ನೋಡಬೇಕು. ತಮಿಳಿನವರ ಕೊಡುಕ್ಕಾಪುಳಿ. ಮೆಕ್ಸಿಕೊ ಕಡೆಯ ಮರ, ಸ್ಪೇನಿನ ಹಡಗುಗಳಲ್ಲಿ ಫಿಲಿಪ್ಪೀನ್ಸ್ ಮುಟ್ಟಿ ನಮ್ಮ ಕಡೆಗೆ ಬಂದದ್ದು. ಧರ್ಮಪುರಿ ಜಿಲ್ಲೆಯಲ್ಲಿ ಹೊಲದ ಬೇಲಿಗಳಲ್ಲೆಲ್ಲ ಇದೆ. ಬೇಸಿಗೆಯಲ್ಲಿ ಅದರ ಕಾಯಿ ಬಳೆಯಂತೆ ಸುತ್ತಿಕೊಂಡು ಕೆಂಪೇರಿ ಒಂದೇ ಅಂಚಿನಲ್ಲಿ ಬಾಯಿ ಬಿಡುತ್ತದೆ. ಒಳಗಿನ ಬಿಳಿ ತಿರುಳು, ಅದರ ನಡುವೆ ಹೊಳೆಯುವ ಕಪ್ಪು ಬೀಜ, ಎರಡೂ ಹೊರಗಿಣುಕುತ್ತವೆ. ಗಿಳಿ, ಗೊರವಂಕಗಳು ಬೆಳಗಾಗುವ ಮುಂಚೆಯೇ ಹಾಜರು, ಅವುಗಳ ಹಿಂದೆ ದೋಟಿ ಹಿಡಿದ ಮಕ್ಕಳು. ಇದು ತೋರಿಸಿದ್ದನ್ನು ಕೊಡುತ್ತದೆ. ಗುಲಗಂಜಿಯ ಚೆಲುವಿಗೆ ನಾನು ಸೋತವನೇ, ಆದರೆ ಅಂಗಡಿಯ ಪೆಟ್ಟಿಗೆಗೆ ಮಾದರಿ ಹುಡುಕುವಾಗ ನನ್ನ ಮನಸ್ಸು ಸೀಮೆಹುಣಸೆಯ ಕಡೆಗೇ ವಾಲುತ್ತದೆ. ಕಣ್ಣಿಗೆ ನೇರ ತಾಗುವ ಲೆನ್ಸನ್ನು ಹೊತ್ತ ಪೆಟ್ಟಿಗೆ ಹೊರಗೆ ಒಂದು, ಒಳಗೆ ಒಂದು ಆಗಬಾರದು. ಚೆಂದದ ಕಣ್ಣಿನ ಚಿತ್ರವನ್ನು ಇಡೀ ಮುಖಕ್ಕೆ ಹರಡಿ, ಪವರ್, ವಕ್ರತೆ, ವ್ಯಾಸ, ಅವಧಿ ಇವನ್ನು ತಳದಲ್ಲಿ ಇರುವೆಸಾಲಿನಲ್ಲಿ ಅಚ್ಚು ಹಾಕುವುದನ್ನು ನಾನು ಒಪ್ಪುವುದಿಲ್ಲ. ಕೊಳ್ಳುವವರು ಗಲ್ಲೆಯ ಈಚೆ ನಿಂತಿರುತ್ತಾರೆ. ದೂರಕ್ಕೆ ಬಣ್ಣ ಕಂಡರೆ ಸಾಕು, ಕೈಗೆ ಬಂದಾಗ ಸಂಖ್ಯೆ ದೊಡ್ಡದಾಗಿ ಕಾಣಬೇಕು.

ತೋರಿಸುವ ಮಾತಾಯಿತು. ಮಡಿಕೆಯ ಪಾಠ ಹೇಳಿದ್ದು ಬಸವನಪಾದ.

ಸೇಲಂನ ಬೀದಿಗಳಲ್ಲೂ ಏರ್ಕಾಡಿನ ಬುಡದ ದಾರಿಯಲ್ಲೂ ನೆರಳಿಗೆಂದು ನೆಟ್ಟ ಬಸವನಪಾದದ ಮರಗಳಿವೆ. ಗೊರಸಿನ ಆಕಾರದ ಎಲೆ ಚಿಗುರುವಾಗ ನಡುನರದಗುಂಟ ಮಡಿಚಿಕೊಂಡೇ ಹೊರಬರುತ್ತದೆ. ಬಲಿತ ಮೇಲೂ ರಾತ್ರಿ ಮತ್ತೆ ಮಡಿಚಿಕೊಳ್ಳುತ್ತದೆ. ಕಾಯಿ ಗೇಣುದ್ದ, ಚಪ್ಪಟೆ, ಮರದ ಪಟ್ಟಿಯಂತೆ ಗಟ್ಟಿ. ಏಪ್ರಿಲ್ ಬಿಸಿಲಿನಲ್ಲಿ ಮರದ ಕೆಳಗೆ ನಿಂತರೆ ಚಟ್, ಚಟ್ ಎಂಬ ಸದ್ದು, ಹಿಂದೆಯೇ ಒಣ ಎಲೆಗಳ ಮೇಲೆ ಬೀಜ ಬಿದ್ದ ಸದ್ದು. ಕಾಯಿ ಸಿಡಿದು ಬೀಜವನ್ನು ಹಲವು ಮೀಟರ್ ದೂರ ಎಸೆದಿರುತ್ತದೆ. ಕೊಂಬೆಯಲ್ಲಿ ಉಳಿದ ಎರಡು ಹೋಳುಗಳನ್ನು ನೋಡಿ: ಒಂದು ಎಡಕ್ಕೆ ತಿರುಚಿಕೊಂಡಿದ್ದರೆ ಇನ್ನೊಂದು ಬಲಕ್ಕೆ.

ತಿರುಚಿದ ಹೋಳನ್ನು ಮನೆಗೆ ತಂದು ನೀರಿನ ಬೋಗುಣಿಯಲ್ಲಿ ಹಾಕಿದೆ. ರಾತ್ರಿ ಕಳೆಯುವಷ್ಟರಲ್ಲಿ ಸುರುಳಿ ಬಿಚ್ಚಿಕೊಂಡು ಹೆಚ್ಚುಕಡಿಮೆ ಚಪ್ಪಟೆಯಾಗಿತ್ತು. ತಾರಸಿಯ ಬಿಸಿಲಿಗೆ ಇಟ್ಟೆ, ಮತ್ತೆ ಅದೇ ದಿಕ್ಕಿಗೆ ತಿರುಚಿಕೊಂಡಿತು. ಸತ್ತ ಕಟ್ಟಿಗೆ ಅದು, ಜೀವವಿಲ್ಲ, ಕೀಲಿಲ್ಲ, ಸ್ಪ್ರಿಂಗಿಲ್ಲ. ತಿರುಗುವ ದಿಕ್ಕು ಅದರ ನಾರಿನಲ್ಲಿದೆ. ಕಾಯಿಯ ಗೋಡೆಯಲ್ಲಿ ಎರಡು ಪದರ. ಒಂದರ ನಾರು ಕಾಯಿಯ ಉದ್ದಕ್ಕೆ 45 ಡಿಗ್ರಿ ಓರೆ, ಇನ್ನೊಂದರದು ಅದಕ್ಕೆ ಅಡ್ಡಲಾಗಿ ಆಚೆ ಓರೆ. ಒಣಗುವಾಗ ಪ್ರತಿ ಪದರವೂ ತನ್ನ ನಾರಿಗೆ ಅಡ್ಡಲಾಗಿ ಕುಗ್ಗುತ್ತದೆ. ಒಂದು ಈ ಕಡೆಗೆ ಎಳೆದರೆ ಇನ್ನೊಂದು ಆ ಕಡೆಗೆ. ಎರಡೂ ಒಂದಕ್ಕೊಂದು ಅಂಟಿಕೊಂಡಿರುವುದರಿಂದ ತಿರುಚದೆ ಬೇರೆ ದಾರಿಯಿಲ್ಲ. ಇಸ್ರೇಲಿನ ಶಹಾಫ್ ಅರ್ಮೋನ್, ಎರಾನ್ ಶರೋನ್ ಮತ್ತು ಸಂಗಡಿಗರು 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಈ ಕುಲದ ಕಾಯಿಯನ್ನೇ ಹಿಡಿದು ಇದರ ಲೆಕ್ಕ ಬಿಡಿಸಿದರು. ರಬ್ಬರಿನ ಎರಡು ಹಾಳೆಗಳನ್ನು ಒಂದಕ್ಕೊಂದು ಅಡ್ಡಲಾಗಿ ಎಳೆದು ಅಂಟಿಸಿ, ಓರೆಯಾಗಿ ಪಟ್ಟಿ ಕತ್ತರಿಸಿ, ಕಾಯಿಯಂತೆಯೇ ತಿರುಚಿಕೊಳ್ಳುವಂತೆ ಮಾಡಿ ತೋರಿಸಿದರು.

ರಟ್ಟಿನ ಕೆಲಸದವರಿಗೆ ಇದು ಹೊಸ ವಿಷಯವೇ ಅಲ್ಲ. ಯಂತ್ರದಲ್ಲಿ ತಯಾರಾದ ಪ್ರತಿ ರಟ್ಟಿಗೂ ನಾರಿನ ದಿಕ್ಕಿದೆ, ಯಂತ್ರ ಓಡಿದ ಕಡೆಗೆ ಹೆಚ್ಚಿನ ನಾರು ಮಲಗಿರುತ್ತದೆ. ತೇವ ತಾಗಿದರೆ ನಾರು ಉದ್ದಕ್ಕೆ ಹಿಗ್ಗುವುದು ಅತ್ಯಲ್ಪ, ಅಡ್ಡಕ್ಕೆ ಹಿಗ್ಗುವುದು ಹೆಚ್ಚು. ಒಂದೇ ಬದಿಗೆ ಲೇಪನವಿದ್ದರೆ ಎರಡು ಮೈ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ ರಟ್ಟು ಬಾಗುತ್ತದೆ. ಇದನ್ನು ನಾವು ದೋಷ ಎಂದು ಕರೆದು, ಬಾಗಿದ ಹಾಳೆಯನ್ನು ಪಕ್ಕಕ್ಕೆ ಎಸೆಯುತ್ತೇವೆ. ಬಸವನಪಾದ ಅದೇ ದೋಷದಿಂದ ಬಾಗಿಲು ಮಾಡಿಕೊಂಡಿದೆ. ಇಷ್ಟು ವರ್ಷ ನಾರಿನ ದಿಕ್ಕನ್ನು ನಾನು ಗುರುತು ಹಾಕಿದ್ದು ಪೆಟ್ಟಿಗೆ ಬಾಗದಿರಲಿ ಎಂದು. ಎಲ್ಲಿ ಬಾಗಬೇಕೋ ಅಲ್ಲಿ ಬಾಗಲಿ ಎಂದು ಗುರುತು ಹಾಕುವುದನ್ನು ಕಲಿಸಿದ್ದು ಈ ಕಾಯಿ.

ಕಾಗದದಲ್ಲೇ ಮಾಡಿ ನೋಡಬಹುದು, ಯಾರು ಬೇಕಾದರೂ. ತೆಳು ಕಾಗದದ ಎರಡು ಹಾಳೆ ತೆಗೆದುಕೊಳ್ಳಿ. ನಾರು ಒಂದಕ್ಕೊಂದು ಅಡ್ಡ ಬರುವಂತೆ ಮೈದಾ ಗೋಂದಿನಿಂದ ಅಂಟಿಸಿ, ಹಸಿಯಿರುವಾಗಲೇ ಓರೆಯಾಗಿ ಪಟ್ಟಿ ಕತ್ತರಿಸಿ ಬಿಸಿಲಿಗಿಡಿ. ಒಣಗುತ್ತ ತಿರುಚಿಕೊಳ್ಳುತ್ತದೆ. ನಾರಿನ ನೇರಕ್ಕೆ ಕತ್ತರಿಸಿದ ಪಟ್ಟಿ ತಿರುಚದೆ ಬಿಲ್ಲಿನಂತೆ ಬಾಗುತ್ತದೆ. ಹಾಳೆ ಅದೇ, ಗೋಂದು ಅದೇ, ಕತ್ತರಿ ಹೋದ ದಾರಿಯೊಂದೇ ಬೇರೆ.

ಮಡಿಕೆಯ ಇನ್ನೊಂದು ಪಾಠ ಹುಳುವಿನದು. ಫಾಲ್ಗುಣದಲ್ಲಿ ಪಾಲಕ್ಕೋಡಿನ ಟೊಮೆಟೊ ಹೊಲದ ಬದುವಿನಲ್ಲಿ ಗುಲಗಂಜಿ ಹುಳುಗಳನ್ನು (ಲೇಡಿಬರ್ಡ್) ನೋಡುತ್ತ ಕೂತಿದ್ದೆ. ಬದುವಿನ ಬದನೆ ಎಲೆಯ ಮೇಲೆ ಗಿಡಹೇನು ತಿನ್ನುತ್ತಿದ್ದ ಹುಳು ಮೇಲಿನ ಗಟ್ಟಿ ಕವಚವೆರಡನ್ನೂ ಎತ್ತಿ, ಕಣ್ಣು ಮಿಟುಕಿಸುವಷ್ಟರಲ್ಲಿ ರೆಕ್ಕೆ ಬಿಡಿಸಿ ಹಾರುತ್ತದೆ. ಇಳಿದ ಮೇಲೆ ಮಡಿಸುವುದು ನಿಧಾನ. ಕವಚ ಮೊದಲು ಮುಚ್ಚುತ್ತದೆ, ಹೊರಗೆ ಉಳಿದ ರೆಕ್ಕೆಯ ತುದಿಯನ್ನು ಹೊಟ್ಟೆ ಮೇಲೆ ಕೆಳಗೆ ಆಡಿಸುತ್ತ ಒಳಗೆಳೆದುಕೊಳ್ಳುತ್ತದೆ. ಮಡಿಕೆ ಬೀಳುವುದು ಕವಚದ ಒಳಗಾದ್ದರಿಂದ ಹೊರಗಿನವರಿಗೆ ಕಾಣುವುದಿಲ್ಲ. 2017ರಲ್ಲಿ ಜಪಾನಿನ ಕಜುಯಾ ಸೈಟೊ ಮತ್ತು ಸಂಗಡಿಗರು ಒಂದು ಹುಳುವಿನ ಕವಚದ ತುಂಡು ತೆಗೆದು, ಉಗುರಿನ ಅಲಂಕಾರಕ್ಕೆ ಬಳಸುವ ಪಾರದರ್ಶಕ ರಾಳದಿಂದ ಅದೇ ಆಕಾರದ ಕವಚ ಮಾಡಿ ಕೂರಿಸಿ, ಒಳಗೆ ನಡೆಯುವುದನ್ನು ಕಣ್ಣಾರೆ ಕಂಡರು. ರೆಕ್ಕೆಯ ನರ ಬಡಗಿಯ ಉಕ್ಕಿನ ಟೇಪಿನ ಹಾಗೆ ಅಡ್ಡಲಾಗಿ ಬಾಗಿದ ಆಕಾರದ್ದು, ಬಿಡಿಸಿದಾಗ ಬಿಗಿ, ಮಡಿಸಿದಾಗ ಬಳುಕು. ನನ್ನ ಪೆಟ್ಟಿಗೆಯ ಮುಂಭಾಗದ ಕಿವಿಗೆ, ಅಂದರೆ ಮಡಚುವ ಪಟ್ಟಿಗೆ, ನೇರ ಗೆರೆಯ ಮಡಿಕೆ ಬಿಟ್ಟು, ತುಸು ಬಾಗಿದ ಗೆರೆ ಕೊಟ್ಟದ್ದು ಇದಾದ ಮೇಲೆ. ಬಾಗಿದ ಗೆರೆಯಲ್ಲಿ ಮಡಿಸಿದ ರಟ್ಟು ಎರಡು ಸ್ಥಿತಿಯಲ್ಲಿ ಮಾತ್ರ ಆರಾಮವಾಗಿ ನಿಲ್ಲುತ್ತದೆ, ತೆರೆದು ಇಲ್ಲವೆ ಮುಚ್ಚಿ. ಅರೆಬಾಯಿ ಬಿಟ್ಟು ಜೋತು ಬೀಳುವುದಿಲ್ಲ.

ಗೋಂದಿನ ವಿಷಯದಲ್ಲಿ ಮಾತ್ರ ಇನ್ನೂ ಹೋರಾಟವಿದೆ. ಸೇಲಂನ ಮಾವಿನ ತೋಪುಗಳಲ್ಲಿ ಚಗಳಿ ಇರುವೆಗಳು ಎಲೆಗಳನ್ನು ಎಳೆದು ಜೋಡಿಸಿ, ತಮ್ಮದೇ ಮರಿಹುಳುಗಳನ್ನು ಬಾಯಲ್ಲಿ ಹಿಡಿದು ಅವು ಬಿಡುವ ರೇಷ್ಮೆಯಿಂದ ಹೊಲಿಯುತ್ತವೆ. ಅದ್ಭುತವಾದ ಗೂಡು. ಆದರೆ ಎಲೆ ಒಣಗಿದಾಗ ಇರುವೆ ಅದನ್ನು ಬಿಟ್ಟು ಬೇರೆ ಕಟ್ಟಬೇಕು. ಹೊಲಿಗೆ ಗಟ್ಟಿಯಿದ್ದರೂ ಹಾಳೆ ಉಳಿಯುವುದಿಲ್ಲ. ನಾನು ಹುಡುಕುತ್ತಿರುವುದು ಗೋಂದಿಲ್ಲದೆ ಮಡಿಕೆಯಿಂದಲೇ ನಿಲ್ಲುವ ಒಂದೇ ಹಾಳೆಯ ಪೆಟ್ಟಿಗೆ. ಒಂದೇ ಹಾಳೆಯಾದರೆ ಲೆನ್ಸ್ ಮುಗಿದ ಮೇಲೆ ಅದು ನೇರ ರದ್ದಿಗೆ ಹೋಗುತ್ತದೆ. ಒಳಗಿನ ಬಟ್ಟಲಿಗೆ ಆ ಭಾಗ್ಯವಿಲ್ಲ. ಪ್ಲಾಸ್ಟಿಕ್ಕಿಗೆ ಫಾಯಿಲ್ ಅಂಟಿದೆ, ಗಾತ್ರವೂ ಚಿಕ್ಕದು, ಕಸ ಬೇರ್ಪಡಿಸುವ ಜರಡಿಯಲ್ಲಿ ಜಾರಿಹೋಗುತ್ತದೆ. ಜಪಾನಿನ ಮೆನಿಕಾನ್ ಕಂಪನಿ ಸುಮಾರು 1 ಮಿಲಿಮೀಟರ್ ದಪ್ಪದ ಚಪ್ಪಟೆ ಪೊಟ್ಟಣ ತಂದು ವಸ್ತುವನ್ನು ಬಹಳ ಉಳಿಸಿತು. ತೆರೆದಾಗ ಲೆನ್ಸಿನ ಹೊರಮೈ ಮೇಲೆ ಬರುತ್ತದೆ, ಕಣ್ಣಿಗೆ ತಾಗುವ ಮೈಯನ್ನು ಬೆರಳು ಮುಟ್ಟಬೇಕಿಲ್ಲ. ಲೆನ್ಸನ್ನೇ ಒತ್ತಿ ಚಪ್ಪಟೆ ಮಾಡಬಹುದೆಂದು ಯೋಚಿಸಿದವರ ಬಗ್ಗೆ ನನಗೆ ಬಹಳ ಗೌರವವಿದೆ.

ಆಷಾಢದಲ್ಲಿ ಮತ್ತೆ ತೊಪ್ಪೂರಿಗೆ ಹೋದಾಗ ಗುಲಗಂಜಿ ಬಳ್ಳಿಯಲ್ಲಿ ಹೊಸ ಎಲೆ ಬಂದಿತ್ತು. ಹಳೆಯ ಹೋಳುಗಳಲ್ಲಿ ಹಲವು ಖಾಲಿ. ಕೆಲವದರಲ್ಲಿ ಇನ್ನೂ ಬೀಜವಿತ್ತು, ಕೆಂಪು ಮಾಸಿತ್ತು. ಪೊದೆಯ ಬುಡದಲ್ಲಿ ಬಿದ್ದ ಬೀಜಗಳಲ್ಲಿ ಮೊಳೆತದ್ದು ಕಾಣಲಿಲ್ಲ. ಅಷ್ಟು ಗಟ್ಟಿ ಸಿಪ್ಪೆಗೆ ಒಂದು ಮಳೆ ಸಾಲದು. ಕೆಲವಕ್ಕೆ ಹತ್ತಿರದಲ್ಲೇ ಕಡ್ಡಿ ನೆಟ್ಟು ಗುರುತು ಮಾಡಿ ಬಂದಿದ್ದೇನೆ. ಪೆಟ್ಟಿಗೆಯ ಮಾದರಿಗಳು ಧರ್ಮಪುರಿಯ ಒಂದು ಕನ್ನಡಕದ ಅಂಗಡಿಯಲ್ಲಿವೆ. ಒಂದಷ್ಟು ರಸ್ತೆಗೆ ಮುಖ ಮಾಡಿದ ಶೆಲ್ಫಿನಲ್ಲಿ, ಒಂದಷ್ಟು ಎ.ಸಿ. ಕೋಣೆಯಲ್ಲಿ. ಹಿಂಗಾರಿನ ಥಂಡಿ ಹಿಡಿದಾಗ ಯಾವ ಕಿವಿ ಎಷ್ಟು ಬಾಗಿತು ಎಂದು ಅಳೆಯಬೇಕು. ಕೋನಮಾಪಕ ಅಂಗಡಿಯವರ ಬಳಿಯೇ ಬಿಟ್ಟಿದ್ದೇನೆ.