ರಬ್ಬರ್ ಕೀಲಿಯ ಕಂಪ್ಯೂಟರಿಗೆ ಇನ್ನೂ ನಿವೃತ್ತಿಯಿಲ್ಲ

‘ಜೆ’ ಕೀಲಿ ಒತ್ತಿದರೆ ಟಿವಿ ಪರದೆಯ ಮೇಲೆ ಮೂಡುವುದು ‘ಜೆ’ ಅಲ್ಲ, ‘ಲೋಡ್’ ಎಂಬ ಇಡೀ ಆದೇಶ. ಅದರ ಮುಂದೆ ಉದ್ಧರಣ ಚಿಹ್ನೆ ಎರಡು ಸಲ ಹಾಕಿ, ಎಂಟರ್ ಒತ್ತಿ, ಟೇಪ್ ರೆಕಾರ್ಡರಿನ ಪ್ಲೇ ಗುಂಡಿ ಅದುಮಬೇಕು. ಪರದೆಯ ಅಂಚಿನಲ್ಲಿ ಮೊದಲು ಕೆಂಪು, ತಿಳಿನೀಲಿ ಪಟ್ಟೆಗಳು ಓಡುತ್ತವೆ. ಆಮೇಲೆ ನೀಲಿ, ಹಳದಿ. ಜೊತೆಗೆ ಕಿವಿ ಕೊರೆಯುವ ಕೀರಲು ಸದ್ದು. ದೊಡ್ಡ ಆಟವಾದರೆ ಐದು ನಿಮಿಷ ಇದೇ ಸಂಗೀತ. ಕೊನೇ ಗಳಿಗೆಯಲ್ಲಿ ಟೇಪು ಒಂಚೂರು ತೊದಲಿದರೂ ‘ಟೇಪ್ ಲೋಡಿಂಗ್ ಎರರ್’ ಅಂತ ಬರೆದು ಮೆಷಿನ್ನು ಕೈಚೆಲ್ಲುತ್ತದೆ. ಮತ್ತೆ ಮೊದಲಿಂದ.

1982ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಕ್ಲೈವ್ ಸಿಂಕ್ಲೇರ್ ಅವರ ಕಂಪನಿ ಬಿಡುಗಡೆ ಮಾಡಿದ ಈ ಯಂತ್ರದ ಹೆಸರು ಝೆಡ್‌ಎಕ್ಸ್ ಸ್ಪೆಕ್ಟ್ರಂ. 16 ಕಿಲೋಬೈಟ್ ಮೆಮೊರಿಯದ್ದಕ್ಕೆ 125 ಪೌಂಡ್, 48ರದ್ದಕ್ಕೆ 175. ಸ್ಕಾಟ್ಲೆಂಡಿನ ಡಂಡಿ ಊರಿನಲ್ಲಿ, ಟೈಮೆಕ್ಸ್ ಕೈಗಡಿಯಾರ ಕಂಪನಿಯ ಕಾರ್ಖಾನೆಯಲ್ಲಿ ಇವು ತಯಾರಾದವು. 1986ರಲ್ಲಿ ಸಿಂಕ್ಲೇರ್ ತನ್ನ ಕಂಪ್ಯೂಟರ್ ವ್ಯವಹಾರವನ್ನು 50 ಲಕ್ಷ ಪೌಂಡಿಗೆ ಆಮ್‌ಸ್ಟ್ರಾಡ್ ಕಂಪನಿಗೆ ಮಾರಿತು; 1992ರ ಹೊತ್ತಿಗೆ ತಯಾರಿಕೆಯೂ ನಿಂತಿತು. ಮಾಮೂಲಾಗಿ ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಬ್ರಿಟನ್, ಸ್ಪೇನ್, ಪೋಲೆಂಡ್, ರಷ್ಯಾಗಳಲ್ಲಿ ಇವತ್ತಿಗೂ ಇದನ್ನು ಗಾಜಿನ ಪೆಟ್ಟಿಗೆಯಲ್ಲಿಡದೆ ಮೇಜಿನ ಮೇಲಿಟ್ಟು ದುಡಿಸುವವರಿದ್ದಾರೆ. ಇದಕ್ಕೆಂದು ಪ್ರತಿವರ್ಷ ಹೊಸ ಆಟಗಳು ಬರುತ್ತವೆ, ಕೆಲವಂತೂ ಈಗಲೂ ಕ್ಯಾಸೆಟ್ಟಿನಲ್ಲೇ.

ಒಳಗೆ ಏನಿದೆ ನೋಡಿದರೆ, ಇದು ಬದುಕಿರುವುದೇ ಸೋಜಿಗ ಅನ್ನಿಸುತ್ತದೆ. ಎಲ್ಲೆಲ್ಲಿ ಕಾಸು ಉಳಿಸಬಹುದೋ ಅಲ್ಲೆಲ್ಲ ಉಳಿಸಿದ್ದಾರೆ. 48ಕೆ ಮಾದರಿಯ ಮೇಲಿನ 32ಕೆ ಮೆಮೊರಿಗೆ ಬಳಸಿದ್ದು, ತಯಾರಿಕೆಯಲ್ಲಿ ಒಂದು ಪಾಲು ಕೆಟ್ಟುಹೋದ ಚಿಪ್‌ಗಳನ್ನು. ಅವುಗಳಲ್ಲಿ ಸರಿಯಿದ್ದ ಅರ್ಧವನ್ನಷ್ಟೇ ಕೆಲಸಕ್ಕೆ ಹಚ್ಚಿದರು. ಕೀಲಿಮಣೆಯೆಂದರೆ ಒಂದು ರಬ್ಬರ್ ಹಾಳೆ, ಅದರಡಿ ತೆಳು ಪ್ಲಾಸ್ಟಿಕ್ ಮೆಂಬ್ರೇನ್. ನಲವತ್ತು ವರ್ಷದಲ್ಲಿ ಈ ಮೆಂಬ್ರೇನಿನ ಬಾಲ ಹಪ್ಪಳದಂತಾಗಿರುತ್ತದೆ. ಮುಚ್ಚಳ ತೆಗೆಯುವಾಗಲೇ ಲಟಕ್ಕನೆ ಮುರಿಯುತ್ತದೆ. ಕೆಳಗಿನ 16ಕೆ ಮೆಮೊರಿಯ ಎಂಟು ಚಿಪ್‌ಗಳಿಗೆ ಮೂರು ಬಗೆಯ ವೋಲ್ಟೇಜು ಬೇಕು. ಅದನ್ನು ಒದಗಿಸುವ ಸರ್ಕ್ಯೂಟಿನಲ್ಲಿ ‘ಟಿಆರ್4’ ಎಂಬ ಪುಟ್ಟ ಟ್ರಾನ್ಸಿಸ್ಟರ್ ಇದೆ. ಅದು ಕೈಕೊಟ್ಟರೆ ಚಿಪ್‌ಗಳಿಗೂ ಕುತ್ತು.

ಹಾಗಿದ್ದೂ ಉಳಿದಿದ್ದು ಹೇಗೆ? ಅಗ್ಗವಾಗಿದ್ದರಿಂದಲೇ ಅಂತ ನನ್ನ ಲೆಕ್ಕ. ಅಗ್ಗಕ್ಕಾಗಿ ಬಳಸಿದ ಭಾಗಗಳಲ್ಲಿ ಹೆಚ್ಚಿನವು ಪೇಟೆಯಲ್ಲಿ ಯಾರಿಗೂ ಸಿಗುವಂಥವು. ಮಿದುಳಾದ ಝೆಡ್80 ಚಿಪ್ಪು ಇಂಟೆಲ್‌ನ 8080ಕ್ಕೆ ಬರೆದ ಪ್ರೋಗ್ರಾಮನ್ನೂ ನಡೆಸಬಲ್ಲದು. ನಮ್ಮ ಡಿಪ್ಲೊಮಾ, ಬಿ.ಇ. ಲ್ಯಾಬುಗಳಲ್ಲಿ 8085 ಕಿಟ್ ಮುಂದೆ ಕೂತು ಹೆಕ್ಸ್ ಅಂಕಿ ಒತ್ತಿದವರಿಗೆ ಅದರ ಭಾಷೆ ಅರ್ಧ ಗೊತ್ತಿದ್ದಂತೆಯೇ. 16ಕೆ ರೋಮನ್ನು, ಅಂದರೆ ಯಂತ್ರದ ಅಳಿಸಲಾಗದ ನೆನಪನ್ನು, ಸಾಲುಸಾಲಾಗಿ ಬಿಡಿಸಿಟ್ಟ ಪುಸ್ತಕವನ್ನು ಇಯಾನ್ ಲೋಗನ್ ಮತ್ತು ಫ್ರಾಂಕ್ ಒಹಾರಾ 1983ರಲ್ಲೇ ತಂದಿದ್ದರು. ಗುಟ್ಟಾಗಿ ಉಳಿದಿದ್ದು ಒಂದೇ: ಚಿತ್ರ, ಸದ್ದು, ಟೇಪು, ಕೀಲಿಮಣೆ ಎಲ್ಲವನ್ನೂ ಸಂಭಾಳಿಸುವ, ಫೆರಾಂಟಿ ಕಂಪನಿ ಮಾಡಿಕೊಟ್ಟ ‘ಯುಎಲ್‌ಎ’ ಚಿಪ್ಪು. ಪೂರ್ವ ಯುರೋಪಿನವರು ಅದಕ್ಕಾಗಿ ಕಾಯಲಿಲ್ಲ. ಲೆನಿನ್‌ಗ್ರಾಡ್ ಮಾದರಿಯ ತದ್ರೂಪಿಗಳಲ್ಲಿ ಯುಎಲ್‌ಎ ಮಾಡುವ ಕೆಲಸವನ್ನು ಸಾದಾ ಲಾಜಿಕ್ ಚಿಪ್‌ಗಳನ್ನು ಜೋಡಿಸಿಯೇ ಮಾಡಿಸಿದರು. ಮುಂದೆ ಕ್ರಿಸ್ ಸ್ಮಿತ್ ಎಂಬವರು ಚಿಪ್ಪಿನ ಒಳಮೈಯನ್ನೇ ಓದಿ, 2010ರಲ್ಲಿ ಒಂದು ದಪ್ಪ ಪುಸ್ತಕ ಬರೆದರು. ಅಲ್ಲಿಗೆ ಆ ಗುಟ್ಟೂ ಬಯಲಾಯಿತು. ಇವತ್ತಿನ ಫೋನಿನ ಬಗ್ಗೆ ಹೀಗೆ ಆದಿಯಿಂದ ಅಂತ್ಯದವರೆಗೆ ತಿಳಿದವರು ಒಬ್ಬರಾದರೂ ಇದ್ದಾರೆಯೇ, ಅನುಮಾನ.

ಹವ್ಯಾಸಿಗಳ ಜಾಣ್ಮೆ ಎದ್ದು ಕಾಣುವುದು ಬಣ್ಣದ ವಿಷಯದಲ್ಲಿ. ಸ್ಪೆಕ್ಟ್ರಂ ಪರದೆ 256 ಅಡ್ಡ, 192 ಉದ್ದ ಚುಕ್ಕಿಗಳದ್ದು. ಮೆಮೊರಿ ಉಳಿಸಲು ಪ್ರತಿ ಎಂಟಕ್ಕೆಂಟು ಚುಕ್ಕಿಯ ಚೌಕಕ್ಕೆ ಎರಡೇ ಬಣ್ಣ ಎಂದು ಕಟ್ಟು ಮಾಡಿದ್ದರು. ಹಾಗಾಗಿ ಕೆಂಪು ಅಂಗಿಯ ಬೊಂಬೆ ಹಸಿರು ಮರದ ಮುಂದೆ ಹಾದರೆ ಅಂಗಿ ಮರಕ್ಕೋ ಮರ ಅಂಗಿಗೋ ಮೆತ್ತಿಕೊಳ್ಳುತ್ತಿತ್ತು. ಟಿವಿಯ ಗೆರೆಗಳು ಮೇಲಿಂದ ಕೆಳಗೆ ಮೂಡುತ್ತ ಬರುತ್ತವಲ್ಲ, ಒಂದು ಗೆರೆ ಮುಗಿದು ಇನ್ನೊಂದು ಶುರುವಾಗುವ ಸಂದಿಯಲ್ಲಿ ಬಣ್ಣದ ಅಂಕಿಯನ್ನು ಬದಲಿಸಿದರೆ? ಈಚಿನ ಪ್ರೋಗ್ರಾಮರುಗಳು ಮಾಡಿದ್ದು ಅದನ್ನೇ. ಮಿದುಳಿನ ಪ್ರತಿ ಮಿಡಿತವನ್ನೂ ಎಣಿಸಿ ಆದೇಶ ಹೊಂದಿಸಬೇಕು, ಒಂದು ತಪ್ಪಿದರೂ ಚಿತ್ರ ಕದಡುತ್ತದೆ. 1982ರ ಯಂತ್ರ, ಒಂದು ತಿರುಪೂ ಬದಲಾಗಿಲ್ಲ. ತನ್ನ ಕಾಲದಲ್ಲಿ ತೋರಿಸದ ಚಿತ್ರವನ್ನು ಈಗ ತೋರಿಸುತ್ತದೆ.

ಎಲ್ಲರೂ ಮಡಿವಂತರೇನಲ್ಲ. ಟೇಪಿನ ಬದಲು ಎಸ್‌ಡಿ ಕಾರ್ಡ್ ಸಿಕ್ಕಿಸುವವರು ಬಹಳ. ಇನ್ನು ಕೆಲವರು ಸದ್ದಿನ ಫೈಲನ್ನು ಫೋನಿನಲ್ಲಿ ನುಡಿಸಿ ‘ಇಯರ್’ ತೂತಿಗೆ ತಂತಿ ಕೊಡುತ್ತಾರೆ. ಫೋನನ್ನು ಫ್ಲೈಟ್ ಮೋಡಿಗೆ ಹಾಕಿರಬೇಕಷ್ಟೆ, ನಡುವೆ ಯಾರದೋ ಗುಡ್ ಮಾರ್ನಿಂಗ್ ಮೆಸೇಜು ಟಿಣ್ ಎಂದರೆ ಆಟ ಕೆಟ್ಟಂತೆಯೇ. 2017ರಲ್ಲಿ ಜನರಿಂದಲೇ 7 ಲಕ್ಷ ಪೌಂಡಿಗೂ ಹೆಚ್ಚು ಹಣ ಕೂಡಿಸಿ ‘ಸ್ಪೆಕ್ಟ್ರಂ ನೆಕ್ಸ್ಟ್’ ಎಂಬ ಹೊಸ ಯಂತ್ರವನ್ನೇ ಕಟ್ಟಿಸಿದರು. ಅದರ ಹೊರಮೈ ವಿನ್ಯಾಸ ಮೂಲ ಸ್ಪೆಕ್ಟ್ರಂಗೆ ರೂಪ ಕೊಟ್ಟ ರಿಕ್ ಡಿಕಿನ್‌ಸನ್ ಅವರದೇ. ಅದು ಕೊಂಡವರ ಕೈಸೇರುವ ಮೊದಲೇ, 2018ರಲ್ಲಿ, ಅವರು ತೀರಿಕೊಂಡರು.

ನಮ್ಮ ದೇಶಕ್ಕೂ ಇದು ಬಂದಿತ್ತು. 1986ರಲ್ಲಿ ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ ಪರವಾನಗಿ ಪಡೆದು ‘ಡಿಬಿ ಸ್ಪೆಕ್ಟ್ರಂ ಪ್ಲಸ್’ ಎಂದು ಮಾರಿತು. ಹಾಗಾಗಿ ಯಾರ ಮನೆಯ ಅಟ್ಟದಲ್ಲಾದರೂ ಒಂದು ಸಿಕ್ಕೀತು. ಸಿಕ್ಕರೆ, ಕೈಗೆ ಸಿಕ್ಕ ಅಡಾಪ್ಟರ್ ಚುಚ್ಚಬೇಡಿ. ಇದಕ್ಕೆ ಬೇಕಾದ್ದು 9 ವೋಲ್ಟ್, ಆದರೆ ಪಿನ್ನಿನ ನಡುಭಾಗ ನೆಗೆಟಿವ್. ಈಗಿನ ಹೆಚ್ಚಿನ ಅಡಾಪ್ಟರುಗಳಲ್ಲಿ ಅದು ಉಲ್ಟಾ. ಹಳೇ ಕೆಪಾಸಿಟರುಗಳನ್ನು ಮೊದಲು ಬದಲಿಸಿ. ಹೊಸ ಟಿವಿ ಚಾನೆಲ್ ಹಿಡಿಯದಿದ್ದರೆ ಚಿತ್ರವನ್ನು ಚಾನೆಲ್ ಸಂಕೇತವಾಗಿಸುವ ಒಳಗಿನ ಮಾಡ್ಯುಲೇಟರನ್ನು ಬದಿಗಿಟ್ಟು, ವಿಡಿಯೊ ತಂತಿಯನ್ನು ನೇರ ಸಾಕೆಟ್ಟಿಗೆ ಬೆಸೆಯಬಹುದು. ರೇಡಿಯೊ ರಿಪೇರಿ ಬಲ್ಲವರಿಗೆ ಅದು ಅರ್ಧ ಗಂಟೆಯ ಕೆಲಸ. ಮೆಂಬ್ರೇನು ಹೋಗಿದ್ದರೂ ಚಿಂತೆಯಿಲ್ಲ, ಹೊಸದನ್ನು ಈಗಲೂ ತಯಾರಿಸುತ್ತಿದ್ದಾರೆ.