ಸುಂಕ, ಮಾಮೂಲು, ಚಹಾಪಾನಿ: ವೀಸಾಕ್ಕಾಗಿ ಗಡಿ ದಾಟುವವರಿಗೆ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆಯನ್ನು ನಾವು ಕರುಣೆಯಿಲ್ಲದವನೆದುರು ಗೋಳಾಡುವ ವ್ಯರ್ಥ ಪ್ರಯತ್ನಕ್ಕೆ ಬಳಸುತ್ತೇವೆ. ಗಾದೆಯ ಹಿಂದಿರುವ ಸನ್ನಿವೇಶವನ್ನು ಒಮ್ಮೆ ಕಣ್ಮುಂದೆ ತಂದುಕೊಳ್ಳಿ. ಹೊತ್ತು ಮುಳುಗುತ್ತಿದೆ, ಎತ್ತುಗಳು ದಣಿದಿವೆ, ಸಂತೆಯ ಊರು ಇನ್ನೂ ದೂರವಿದೆ, ದಾರಿಗೆ ಅಡ್ಡಲಾಗಿ ಒಬ್ಬನು ಕುಳಿತಿದ್ದಾನೆ. ಅವನಿಗೆ ಅವಸರವಿಲ್ಲ, ಅವಸರವೆಲ್ಲ ಪಯಣಿಗನದು. ನ್ಯಾಯವಾದ ಸುಂಕದ ಮೇಲೆ ಇನ್ನೊಂದಿಷ್ಟು ಹಣ ಹುಟ್ಟಿಕೊಳ್ಳುವುದು ಈ ಅವಸರದ ಅಂತರದಲ್ಲಿಯೇ.

ನಮ್ಮ ವಿಭಾಗದಲ್ಲಿ ಓದಿ ಹೊರಬಿದ್ದ ಕೆಲವರು ಈಗ ಥಾಯ್ಲೆಂಡಿನ ಕಡೆ ಹೋಗುತ್ತಿದ್ದಾರೆ. ಅವರಲ್ಲೊಬ್ಬನು ದೂರವಾಣಿಯಲ್ಲಿ ಕೇಳಿದ: "ಸರ್, ಗಡಿ ದಾಟಿ ಮರಳಿ ಬಂದರೆ ಇರುವ ಅವಧಿ ಮತ್ತೆ ಸಿಗುತ್ತದಂತೆ. ಅಲ್ಲಿ ಎಷ್ಟು ಕೊಡಬೇಕಾಗುತ್ತದೆ?" ಈ ಪ್ರಶ್ನೆಯ 'ಕೊಡು' ಎಂಬ ಕ್ರಿಯಾಪದವನ್ನು ಗಮನಿಸಿರಿ. ಶುಲ್ಕವನ್ನೂ ಕೊಡುತ್ತೇವೆ, ಲಂಚವನ್ನೂ ಕೊಡುತ್ತೇವೆ. ಕೇಳಿದವನಿಗೆ ಎರಡರ ಭೇದ ತಿಳಿದಿರಲಿಲ್ಲ. ಗಡಿಯ ಮೇಲೆ ಕುಳಿತವರಿಗೆ ಬೇಕಾದುದೂ ಅದೇ.

ಮೊದಲು ವ್ಯವಹಾರದ ಸ್ವರೂಪ. ಪ್ರವಾಸಿಯಾಗಿ ಒಂದು ದೇಶದೊಳಗೆ ಬಂದವನಿಗೆ ಇಂತಿಷ್ಟು ದಿನ ಎಂಬ ಮುದ್ರೆ ಬೀಳುತ್ತದೆ. 2024ರ ಜುಲೈ 15ರಿಂದ ಭಾರತೀಯರಿಗೆ ಥಾಯ್ಲೆಂಡು ವೀಸಾ ಇಲ್ಲದೆಯೇ 60 ದಿನಗಳ ವಾಸಕ್ಕೆ ಅವಕಾಶ ಮಾಡಿತು. (ಇಂಥ ನಿಯಮಗಳು ಬದಲಾಗುತ್ತಲೇ ಇರುತ್ತವೆ, ಹೊರಡುವ ಮುನ್ನ ಆ ದೇಶದ ರಾಯಭಾರ ಕಚೇರಿಯ ಪ್ರಕಟಣೆಯನ್ನೇ ನೋಡತಕ್ಕದ್ದು.) ಅವಧಿ ಮುಗಿಯುವ ಮೊದಲು ನೆರೆಯ ದೇಶಕ್ಕೆ ಕಾಲಿಟ್ಟು ಮರಳಿದರೆ ಹೊಸ ಮುದ್ರೆ ಬಿದ್ದು ದಿನಗಣನೆ ಮೊದಲಿನಿಂದ ಆರಂಭವಾಗುತ್ತದೆ. ಈ ಓಡಾಟವನ್ನು ಅಲ್ಲಿಯವರು 'ವೀಸಾ ರನ್' ಎನ್ನುತ್ತಾರೆ. ಇದಕ್ಕೂ ಮಿತಿಯಿದೆ. ವೀಸಾರಹಿತವಾಗಿ ನೆಲದ ಗಡಿಯಿಂದ ಒಳಬರುವುದು ವರ್ಷಕ್ಕೆ ಎರಡೇ ಸಲ ಎಂಬ ನಿಯಮ 2016ರ ಡಿಸೆಂಬರ್ 31ರಂದು ಜಾರಿಗೆ ಬಂದಿತು. ಇನ್ನೊಂದು ದಾರಿಯೂ ಉಂಟು: ದೇಶದೊಳಗಿನ ವಲಸೆ ಕಚೇರಿಯಲ್ಲಿಯೇ ಅವಧಿ ವಿಸ್ತರಣೆಗೆ ಅರ್ಜಿ ಹಾಕುವುದು. ಅದರ ಶುಲ್ಕ 1,900 ಬಾತ್, ರಸೀದಿ ಸಹಿತ. ಬಸ್ಸಿನ ಖರ್ಚು, ನೆರೆದೇಶದ ವೀಸಾ, ಮೇಲಿನ ಚಿಲ್ಲರೆ ಎಲ್ಲವನ್ನೂ ಕೂಡಿಸಿದರೆ ಬಹಳ ಸಲ ಈ ಕಚೇರಿಯ ದಾರಿಯೇ ಅಗ್ಗ. ಅದನ್ನು ಗಡಿಯ ದಲ್ಲಾಳಿ ಹೇಳುವುದಿಲ್ಲ.

ಬ್ಯಾಂಕಾಕಿನ ಪೂರ್ವಕ್ಕೆ ಸುಮಾರು 250 ಕಿಲೋಮೀಟರು ದೂರದಲ್ಲಿ ಅರಣ್ಯಪ್ರಥೇತ್ ಎಂಬ ಊರಿದೆ. ಹೆಸರಿನಲ್ಲಿ ನಮ್ಮ 'ಅರಣ್ಯ ಪ್ರದೇಶ' ಕೇಳಿಸುತ್ತದೆ, ಅದು ಹಾಗೆಯೇ. ಅದರಾಚೆ ಕಾಂಬೋಡಿಯದ ಪೊಯ್‌ಪೆಟ್. ಎರಡು ದೇಶಗಳ ತನಿಖಾ ಕಟ್ಟೆಗಳ ನಡುವಣ ಪಟ್ಟಿಯಲ್ಲಿ ಜೂಜಿನ ಕಟ್ಟಡಗಳು ಎದ್ದು ನಿಂತಿವೆ. ಅಂಕೋರ್ ನೋಡಲು ಹೋಗುವವರೂ, ಮುದ್ರೆಗಾಗಿ ಮಾತ್ರ ಹೋಗಿ ಬರುವವರೂ ದಶಕಗಳ ಕಾಲ ಇಲ್ಲಿಂದ ದಾಟಿದರು. ಕಾಂಬೋಡಿಯದ ಪ್ರವಾಸಿ ವೀಸಾಕ್ಕೆ ಬಹುಕಾಲ 20 ಡಾಲರು ಇದ್ದು 2014ರಲ್ಲಿ 30 ಆಯಿತು. ಕಿಂಡಿಯ ಬಳಿ ಹಲಗೆಯ ಮೇಲೆ ಬರೆದ ಮೊತ್ತ ಒಂದು, ಒಳಗಿನಿಂದ ಕೇಳಿಬರುವ ಮೊತ್ತ ಇನ್ನೊಂದು ಎಂಬುದು ಅಲ್ಲಿ ದಾಟಿದವರ ಸಾಮಾನ್ಯ ಅನುಭವ: 30 ಡಾಲರಿನ ಜೊತೆಗೆ ನೂರೋ ಇನ್ನೂರೋ ಬಾತ್. ಇಲ್ಲವೆ ಪೂರ್ತಿ ಮೊತ್ತವನ್ನು ಬಾತ್‌ನಲ್ಲಿಯೇ ಕೊಡಿರೆಂದು, ವಿನಿಮಯದ ದರವನ್ನು ತಮಗೆ ಬೇಕಾದಂತೆ ಕಟ್ಟುವುದು. ಅದೇ ದಿನ ಮರಳುವವನ ಅವಸರ ಹೆಚ್ಚಾದುದರಿಂದ ಅವನ ದರವೂ ಹೆಚ್ಚು. 2025ರ ಜೂನ್‌ನಲ್ಲಿ ಎರಡು ದೇಶಗಳ ಮನಸ್ತಾಪದಿಂದ ಈ ದಾರಿಯನ್ನು ಪ್ರವಾಸಿಗಳಿಗೆ ಮುಚ್ಚಲಾಯಿತು, ಜುಲೈನಲ್ಲಿ ಗುಂಡಿನ ಕಾಳಗವೇ ನಡೆಯಿತು. ದಾರಿ ಮುಚ್ಚಿದರೂ ರೀತಿ ತಿಳಿದಿರಬೇಕು. ಬೇರೆ ಗಡಿಗಳಲ್ಲಿಯೂ ಇದೇ ಆಟ ಬೇರೆ ಹೆಸರಿನಲ್ಲಿ ನಡೆಯುತ್ತದೆ.

ಹೆಸರಿನ ಮಾತು ಬಂದಾಗ ಕನ್ನಡ ವಿದ್ಯಾರ್ಥಿಗಳಾದ ನಿಮಗೆ ಇಲ್ಲಿ ಸ್ವಂತದ ಕೆಲಸವಿದೆ. ಸಂಸ್ಕೃತದ 'ಶುಲ್ಕ'ದಿಂದ ನಮ್ಮ 'ಸುಂಕ' ಬಂದಿತು. ಹಳಗನ್ನಡ ಶಾಸನಗಳಲ್ಲಿ 'ಪೆರ್ಜುಂಕ' ಎಂಬ ರೂಪ ಕಾಣುತ್ತದೆ: ಪಿರಿದಾದ ಸುಂಕ, ಸಕಾರಕ್ಕೆ ಜಕಾರ ಆದೇಶವಾದುದನ್ನು ನೋಡಿರಿ. ಅದರ ಜೊತೆಗೆ ವಡ್ಡರಾವುಳ, ಬಿಲ್ಕೊಡೆ ಎಂಬ ಹೆಸರುಗಳು ಬರುತ್ತವೆ. ದೇವಾಲಯಕ್ಕೆ ಸುಂಕವನ್ನು ದತ್ತಿ ಬಿಟ್ಟಾಗ ಹೇರಿಗೆ ಇಷ್ಟು, ಬಂಡಿಗೆ ಇಷ್ಟು ಎಂದು ಕಲ್ಲಿನ ಮೇಲೆ ಕೊರೆಸುತ್ತಿದ್ದರು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮುದ್ರಾಧ್ಯಕ್ಷನು ಪಯಣಿಗನಿಗೆ ಮುದ್ರೆಯನ್ನು ಒಂದು ಮಾಷಕಕ್ಕೆ ಕೊಡಬೇಕು, ಮುದ್ರೆಯಿಲ್ಲದೆ ಓಡಾಡಿದವನು 12 ಪಣ ದಂಡ ತೆರಬೇಕು ಎಂಬ ವಿಧಿಯಿದೆ. ಕಲ್ಯಾಣದ ಶರಣರಲ್ಲಿ ಸುಂಕದ ಬಂಕಣ್ಣನ ಹೆಸರೇ ಅವನ ಕಾಯಕವನ್ನು ಹೇಳುತ್ತದೆ. ಆ ಕಾಯಕಕ್ಕೆ ಅಲ್ಲಿ ಅಗೌರವವಿರಲಿಲ್ಲ. ಅಂದರೆ ಅಧಿಕೃತ ಶುಲ್ಕಕ್ಕೆ ಎಂದಿಗೂ ಹೆಸರುಂಟು, ಅಳತೆಯುಂಟು, ಬರವಣಿಗೆಯುಂಟು.

ಅನಧಿಕೃತವಾದುದಕ್ಕೆ ಇರುವುದು ಮುಸುಕು ಮಾತ್ರ. 'ಮಾಮೂಲು' ಅರಬ್ಬಿಯಿಂದ ಬಂದುದು, ರೂಢಿಯಲ್ಲಿರುವುದು ಎಂದಷ್ಟೇ ಅದರ ಅರ್ಥ. 'ಬಕ್ಷೀಸು' ಪಾರಸಿಯ ದಾನ. ನಮ್ಮ ಸೊಲ್ಲಾಪುರ ಸೀಮೆಯ ಮರಾಠಿಯಲ್ಲಿ 'ಚಿರಿಮಿರಿ' ಎಂದರೆ ಮಕ್ಕಳ ಆಟದ ಮಾತಿನಂತೆ ಕೇಳುತ್ತದೆ, 'ಚಹಾಪಾಣಿ' ಎಂದರೆ ಆತಿಥ್ಯದಂತೆ. ಲಾರಿ ಚಾಲಕರು ಗಡಿಯಲ್ಲಿ ಕೊಡುವುದಕ್ಕೆ 'ಎಂಟ್ರಿ' ಎನ್ನುವರು. ಥಾಯ್ ಭಾಷೆಯಲ್ಲಿಯೂ ಇಂಥ ಹಣಕ್ಕೆ 'ಖಾ ನಾಮ್ ಛಾ' ಎಂಬ ಮಾತಿದೆ. ಚಹಾದ ನೀರಿನ ಬಾಬ್ತು ಎಂದೇ ಅದರ ಅರ್ಥ. ಸಾವಿರಾರು ಮೈಲಿ ದೂರದ ಎರಡು ಸಮಾಜಗಳು ಒಂದೇ ಲೋಟದ ಹಿಂದೆ ಅಡಗಿಕೊಂಡಿರುವುದು ಭಾಷಾಶಾಸ್ತ್ರದವರಿಗೆ ರಸವತ್ತಾದ ಸಂಗತಿ. ಜೇಬಿಗೆ ಅಷ್ಟು ರಸವತ್ತಲ್ಲ.

ಇದರಿಂದಲೇ ಉಪಾಯವೂ ಹೊಳೆಯುತ್ತದೆ. ಮುಸುಕಿನ ಹಣ ಬರವಣಿಗೆಗೆ ಅಂಜುತ್ತದೆ. ಸಾಧ್ಯವಿದ್ದಲ್ಲಿ ಇ-ವೀಸಾವನ್ನು ಆ ಸರಕಾರದ ಜಾಲತಾಣದಲ್ಲಿಯೇ ಮೊದಲು ಪಡೆದು ಮುದ್ರಿಸಿ ಒಯ್ಯಿರಿ. ಕಿಂಡಿಯಲ್ಲಿ ಹಣದ ಮಾತಿಗೆ ಆಸ್ಪದವೇ ಕಡಿಮೆಯಾಗುತ್ತದೆ. ಕಿಂಡಿಯಲ್ಲಿಯೇ ವೀಸಾ ಪಡೆಯಬೇಕಾದರೆ ನಿಗದಿಯಾದ ಮೊತ್ತವನ್ನು ನಿಗದಿಯಾದ ನಾಣ್ಯದಲ್ಲಿ, ಹರಿಯದ ಹೊಸ ನೋಟುಗಳಲ್ಲಿ, ಚಿಲ್ಲರೆ ಬೇಡದಂತೆ ಇಟ್ಟುಕೊಳ್ಳಿರಿ. ಹೆಚ್ಚು ಕೇಳಿದರೆ ಕೋಪಿಸದೆ ರಸೀದಿ ಕೇಳಿರಿ. ರಸೀದಿ ಇಲ್ಲವೆಂದರೆ ಹಲಗೆಯ ಮೊತ್ತವನ್ನು ಮೇಜಿನ ಮೇಲಿಟ್ಟು ಪಕ್ಕಕ್ಕೆ ಸರಿದು ಕುಳಿತುಕೊಳ್ಳಿರಿ. ಹೊತ್ತು ಮಾತ್ರ ನಿಮ್ಮ ಬಳಿ ಇರುವ ಬಂಡವಾಳ. ಆದುದರಿಂದಲೇ ಬೆಳಗಿನ ಬಸ್ಸಿಗೆ ಹೋಗಬೇಕು, ಕೊನೆಯ ಬಸ್ಸಿನ ಪಯಣಿಗನಿಗೆ ಈ ಬಂಡವಾಳವಿಲ್ಲ. ವಾದ ಬೆಳೆಸುವುದು, ಅಲ್ಲಿಯೇ ಫೋಟೋ ತೆಗೆಯುವುದು, ಕಳ್ಳನೆಂದು ಕೂಗುವುದು ಕೂಡದು. ಪ್ರವೇಶ ನಿರಾಕರಿಸುವ ಅಧಿಕಾರ ಅವನಿಗೆ ಕಾನೂನಿನಿಂದಲೇ ಬಂದಿದೆ.

ಕ್ರಮವನ್ನು ಬಲ್ಲವನು ದಲ್ಲಾಳಿಗೆ ಸಿಕ್ಕುವುದಿಲ್ಲ. ಮೊದಲು ಬಿಡುವ ದೇಶದ ನಿರ್ಗಮನ ಮುದ್ರೆ, ಅನಂತರ ನಡುವಣ ಪಟ್ಟಿ, ಆಮೇಲೆ ವೀಸಾ ಕಿಂಡಿ, ಕೊನೆಗೆ ಪ್ರವೇಶ ಮುದ್ರೆ. ನಿರ್ಗಮನ ಮುದ್ರೆ ಬೀಳುವ ಮೊದಲೇ ಟುಕ್‌ಟುಕ್ ನಿಲ್ಲಿಸಿ ವೀಸಾ ಇಲ್ಲಿಯೇ ಮಾಡಿಸಿರಿ ಎನ್ನುವ ಕಚೇರಿ, ಎಷ್ಟೇ ದೊಡ್ಡ ಫಲಕವಿದ್ದರೂ, ಗಡಿಯ ವೀಸಾ ಕಿಂಡಿಯಲ್ಲ. ಇದರ ಹೊಸ ಅವತಾರ ಜಾಲತಾಣದಲ್ಲಿದೆ. 2025ರ ಮೇ 1ರಿಂದ ಥಾಯ್ಲೆಂಡು ಪ್ರವೇಶಿಸುವವರು ಆಗಮನ ಪತ್ರವನ್ನು ಅಂತರ್ಜಾಲದಲ್ಲಿ ತುಂಬಬೇಕು. ಅದಕ್ಕೆ ಶುಲ್ಕವಿಲ್ಲ; ಹಣ ಕೇಳುವ ತಾಣ ಸರಕಾರದ್ದಲ್ಲ.

ಚಿಲ್ಲರೆ ಹಣವೆಲ್ಲ ಲಂಚವೆಂದು ತಿಳಿಯಬೇಡಿ. ನೋಂಗ್‌ಖಾಯಿಯಿಂದ ಮೆಕಾಂಗ್ ನದಿಯ ಮೇಲಿನ ಸ್ನೇಹ ಸೇತುವೆ ದಾಟಿ ಲಾವೋಸಿಗೆ ಹೋಗುವಾಗ ಸೇತುವೆಯ ಬಸ್ಸಿಗೆ ಚೀಟಿ ಕೊಳ್ಳಬೇಕು. ಚೀಟಿ ಕೈಗೆ ಬಂದರೆ ಸಂಶಯಕ್ಕೆ ಕಾರಣವಿಲ್ಲ.

ಇಷ್ಟರವರೆಗಿನದು ಸುಲಿಗೆಯ ವಿಚಾರ: ನಿನಗೆ ಹಕ್ಕಾಗಿ ಬರಬೇಕಾದುದಕ್ಕೆ ಇನ್ನೊಬ್ಬನು ಹೆಚ್ಚು ಕಿತ್ತುಕೊಳ್ಳುವುದು. ಎಲ್ಲ ಉಪಾಯ ಸೋತು, ಕತ್ತಲಾಗಿ, ನೂರು ಬಾತ್ ತೆತ್ತು ಬಂದವನನ್ನು ನಾನು ಹಳಿಯಲಾರೆ. ಲಂಚದ ಮಾತು ಬೇರೆ. ಗಡಿಗೆ ಹೋಗುವುದೇ ಬೇಡ, ಪಾಸ್‌ಪೋರ್ಟು ಕೊಟ್ಟರೆ ಮುದ್ರೆ ಹಾಕಿಸಿ ತರುತ್ತೇನೆ ಎನ್ನುವವನು ಮಾರುತ್ತಿರುವುದು ನಿನ್ನ ಹಕ್ಕಲ್ಲದ ವಸ್ತು. ಅದು ಸುಳ್ಳು ಮುದ್ರೆ. ಸಿಕ್ಕಿಬಿದ್ದರೆ ಸೆರೆಮನೆಗೆ ಹೋಗುವವನು ಪಾಸ್‌ಪೋರ್ಟಿನ ಒಡೆಯ. ಅವಧಿ ಮೀರಿದ್ದರೂ ಅಧಿಕೃತ ದಾರಿಯೇ ಮೇಲು: ದಿನಕ್ಕೆ 500 ಬಾತ್, ಗರಿಷ್ಠ 20,000 ಬಾತ್ ದಂಡ ತೆತ್ತು ಹೊರಡಬಹುದು. 90 ದಿನ ಮೀರಿದ ಮೇಲೆ ತಾನಾಗಿ ಹೊರಟವನಿಗೂ ಒಂದು ವರ್ಷ ಮರುಪ್ರವೇಶವಿಲ್ಲ. ಅವಧಿ ಮೀರಿ ಹಿಡಿಯಲ್ಪಟ್ಟವನಿಗೆ ಅದು ಕನಿಷ್ಠ ಐದು ವರ್ಷ. ಆದುದರಿಂದ ಕಿಂಡಿ ಬಿಡುವ ಮೊದಲು ಅಲ್ಲಿಯೇ ನಿಂತು ಮುದ್ರೆಯ ದಿನಾಂಕವನ್ನು ಓದಿಕೊಳ್ಳಿರಿ.

ಕೆಲಸಕ್ಕೆಂದು ಹೋಗುವವರಿಗೆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಪ್ರವಾಸಿಯ ಮುದ್ರೆಯ ಮೇಲೆ ಥಾಯ್ಲೆಂಡಿನಲ್ಲಿ ನೌಕರಿ ಮಾಡುವಂತಿಲ್ಲ. ಅದಕ್ಕೆ ಬೇರೆ ವರ್ಗದ ವೀಸಾ ಬೇಕು, ಕೆಲಸದ ಪರವಾನಗಿ ಬೇಕು. ಸದ್ಯ ಪ್ರವಾಸಿಯಾಗಿ ಬಾ, ಮುಂದಿನದನ್ನು ಗಡಿಯಲ್ಲಿ ನೋಡಿಕೊಳ್ಳೋಣ ಎನ್ನುವ ಏಜೆಂಟನ ಮಾತಿನ ಕೊನೆ ಎಲ್ಲಿ ಎಂಬುದಕ್ಕೆ ಉದಾಹರಣೆಗಳಿವೆ. 2022ರ ಸೆಪ್ಟೆಂಬರ್‌ನಲ್ಲಿ ನಮ್ಮ ವಿದೇಶಾಂಗ ಸಚಿವಾಲಯ ಎಚ್ಚರಿಕೆ ಹೊರಡಿಸಬೇಕಾಯಿತು: ಥಾಯ್ಲೆಂಡಿನಲ್ಲಿ ಕಂಪ್ಯೂಟರು ಕೆಲಸವೆಂದು ಕರೆಸಿಕೊಂಡ ತರುಣರನ್ನು ಅಕ್ರಮವಾಗಿ ಗಡಿ ದಾಟಿಸಿ, ಬಹುಪಾಲು ಮ್ಯಾನ್ಮಾರಿನೊಳಕ್ಕೆ ಒಯ್ದು, ಸೆರೆಯಲ್ಲಿಟ್ಟು ಜಾಲವಂಚನೆಯ ಕೆಲಸಕ್ಕೆ ಹಚ್ಚಲಾಗಿತ್ತು. ಹಾಗೆ ದಾಟಿಸಲ್ಪಟ್ಟವನ ಪಾಸ್‌ಪೋರ್ಟಿನಲ್ಲಿ ನಿರ್ಗಮನ ಮುದ್ರೆಯಿಲ್ಲ, ಪ್ರವೇಶ ಮುದ್ರೆಯಿಲ್ಲ. ತಪ್ಪಿಸಿಕೊಂಡು ಬಂದರೂ ಮೊದಲು ಅವನೇ ಅಪರಾಧಿಯಂತೆ ಉತ್ತರಿಸಬೇಕಾಗುತ್ತದೆ.

ಏಜೆಂಟನನ್ನು ಪರೀಕ್ಷಿಸುವ ಬರವಣಿಗೆಯೂ ಉಂಟು. ನೋಂದಾಯಿತ ನೇಮಕಾತಿ ಏಜೆಂಟರ ಪಟ್ಟಿ ಭಾರತ ಸರಕಾರದ ಇ-ಮೈಗ್ರೇಟ್ ತಾಣದಲ್ಲಿದೆ. ಅವರು ಉದ್ಯೋಗಾರ್ಥಿಯಿಂದ ಪಡೆಯಬಹುದಾದ ಸೇವಾಶುಲ್ಕದ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಅದಕ್ಕೆ ರಸೀದಿ ಕೊಡಲೇಬೇಕು. ಪಟ್ಟಿಯಲ್ಲಿ ಹೆಸರಿಲ್ಲದವನಿಗೆ, ಅವನು ನಮ್ಮೂರಿನವನೇ ಆಗಿರಲಿ, ನಮ್ಮ ಮಾತನ್ನೇ ಆಡಲಿ, ಪಾಸ್‌ಪೋರ್ಟನ್ನು ಕೈಗೆ ಕೊಡಬೇಡಿರಿ. ಸಂಶಯವಿದ್ದವರು ಕಾಗದಗಳನ್ನು ತೆಗೆದುಕೊಂಡು ವಿಭಾಗಕ್ಕೆ ಬರಬಹುದು. ಮಧ್ಯಾಹ್ನದ ತರಗತಿಗಳು ಮುಗಿದ ಮೇಲೆ ನಾನು ಅಲ್ಲಿಯೇ ಇರುತ್ತೇನೆ, ಒಟ್ಟಿಗೆ ಕುಳಿತು ಓದೋಣ.