ಹಿಮದ ಹಲಗೆ ಏರುವ ಮುನ್ನ ಕಾಲಿನ ಕೋನ ನೋಡಿಕೊಳ್ಳಿ

ಪಿಸ್ಕಾಟವೇ (ನ್ಯೂಜೆರ್ಸಿ): ದೀಪಾವಳಿ, ರಾಜ್ಯೋತ್ಸವದ ಗಡಿಬಿಡಿ ಮುಗಿದು ಮರಗಳು ಬೋಳಾಗುವ ಹೊತ್ತಿಗೆ ಇಲ್ಲಿನ ಕನ್ನಡ ಮನೆಗಳ ವಾಟ್ಸ್‌ಆ್ಯಪ್ ಬಳಗಗಳಲ್ಲಿ ಮಾತಿನ ವಿಷಯ ಬದಲಾಗುತ್ತದೆ. ಜನವರಿಯ ಮೂರನೇ ಸೋಮವಾರ ಮಾರ್ಟಿನ್ ಲೂಥರ್ ಕಿಂಗ್ ದಿನ, ಫೆಬ್ರುವರಿಯ ಮೂರನೇ ಸೋಮವಾರ ಅಧ್ಯಕ್ಷರ ದಿನ. ಈ ಎರಡು ರಜೆಗಳು ಹತ್ತಿರವಾದಂತೆ ‘ಈ ಸಲ ಬೆಟ್ಟಕ್ಕೆ ಹೋಗೋಣವೇ?’ ಎಂಬ ಪ್ರಶ್ನೆ ಏಳುತ್ತದೆ. ಬೆಟ್ಟವೆಂದರೆ ಇಲ್ಲಿ ಹಿಮದ ಇಳಿಜಾರು. ನಮ್ಮೂರಿನಿಂದ 287ನೇ ಹೆದ್ದಾರಿ ಹಿಡಿದು ಉತ್ತರಕ್ಕೆ ಹೊರಟರೆ ಒಂದೂಕಾಲು ಗಂಟೆಯ ಹಾದಿಯಲ್ಲಿ ವರ್ನನ್‌ನ ಮೌಂಟನ್ ಕ್ರೀಕ್ ಸಿಗುತ್ತದೆ. ಇನ್ನಷ್ಟು ದೂರ ಹೋಗುವವರಿಗೆ ಪೆನ್ಸಿಲ್ವೇನಿಯಾದ ಪೋಕೊನೊ ಬೆಟ್ಟಸಾಲಿನ ಕ್ಯಾಮಲ್‌ಬ್ಯಾಕ್ ಇದೆ.

ಆ ವಾರಾಂತ್ಯದ ವಿಡಿಯೊಗಳು ಮರುದಿನವೇ ದಾವಣಗೆರೆಗೂ ಹಾಸನಕ್ಕೂ ತಲುಪುತ್ತವೆ. ಎರಡೂ ಕಾಲನ್ನು ಒಂದೇ ಹಲಗೆಗೆ ಬಿಗಿದುಕೊಂಡು ಮಗನೋ ಸೊಸೆಯೋ ಜಾರುತ್ತಿರುವುದನ್ನು ನೋಡಿ ಊರಲ್ಲಿರುವ ಅಮ್ಮನ ಎದೆ ಧಸಕ್ಕೆನ್ನುತ್ತದೆ. ಆ ಆತಂಕ ಅಕಾರಣವೇನಲ್ಲ. ಮೊದಲ ದಿನದ ಬೀಳಾಟಗಳಲ್ಲಿ ಎಷ್ಟೋ ಹಲಗೆ ಏರುವ ಮೊದಲೇ, ಬಾಡಿಗೆ ಅಂಗಡಿಯ ಕಟ್ಟೆಯ ಮುಂದೆಯೇ ನಿರ್ಧಾರವಾಗಿಬಿಟ್ಟಿರುತ್ತವೆ. ಯಾವ ಕಾಲು ಮುಂದೆ, ಪಾದಗಳು ಯಾವ ಕೋನದಲ್ಲಿ, ನಡುವೆ ಎಷ್ಟು ಅಂತರ ಎಂಬ ಮೂರು ಲೆಕ್ಕಗಳನ್ನು ಅಲ್ಲಿ ಐದೇ ನಿಮಿಷದಲ್ಲಿ ಮುಗಿಸುತ್ತಾರೆ. ಮೊದಲ ಸಲ ಹೋಗುವವರು ಈ ಮೂರನ್ನೂ ಮನೆಯಲ್ಲೇ ತಿಳಿದುಕೊಂಡು ಹೋದರೆ ಅರ್ಧ ಕಷ್ಟ ಕಡಿಮೆ.

ನ್ಯೂಜೆರ್ಸಿಯ ನಂಟು

ಸ್ನೋಬೋರ್ಡ್‌ನ ಚರಿತ್ರೆಯಲ್ಲಿ ನಮ್ಮ ರಾಜ್ಯಕ್ಕೂ ಪಾಲಿದೆ. 1963ರಲ್ಲಿ ದಕ್ಷಿಣ ನ್ಯೂಜೆರ್ಸಿಯ ಹ್ಯಾಡನ್‌ಫೀಲ್ಡ್‌ನ ಶಾಲಾ ಬಾಲಕ ಟಾಮ್ ಸಿಮ್ಸ್ ಮರಗೆಲಸದ ತರಗತಿಯಲ್ಲಿ ಹಿಮದ ಮೇಲೆ ಜಾರುವ ಹಲಗೆಯೊಂದನ್ನು ಮಾಡಿದ್ದ. ಮುಂದೆ ಅದೇ ಹುಡುಗ ಸ್ನೋಬೋರ್ಡ್ ತಯಾರಿಕೆಯಲ್ಲಿ ದೊಡ್ಡ ಹೆಸರಾದ. 1965ರಲ್ಲಿ ಮಿಷಿಗನ್‌ನ ಶೆರ್ಮನ್ ಪಾಪನ್ ‘ಸ್ನರ್ಫರ್’ ಎಂಬ ಆಟಿಕೆ ಹಲಗೆ ಮಾಡಿದರು. ಅದಕ್ಕೆ ಕಾಲು ಕಟ್ಟುವ ವ್ಯವಸ್ಥೆ ಇರಲಿಲ್ಲ. ಮೂತಿಗೆ ಕಟ್ಟಿದ ಹಗ್ಗ ಹಿಡಿದು ನಿಲ್ಲಬೇಕಿತ್ತು. 1977ರಲ್ಲಿ ವರ್ಮಾಂಟ್‌ನಲ್ಲಿ ಕಂಪನಿ ಆರಂಭಿಸಿದ ಜೇಕ್ ಬರ್ಟನ್ ಕಾರ್ಪೆಂಟರ್ ಪಾದವನ್ನು ಹಲಗೆಗೆ ಬಿಗಿಯುವ ವಿಧಾನವನ್ನು ಬೆಳೆಸಿದವರಲ್ಲಿ ಪ್ರಮುಖರು. 1998ರ ನಗಾನೊ ಚಳಿಗಾಲದ ಒಲಿಂಪಿಕ್ಸ್‌ಗೆ ಈ ಆಟ ಸೇರಿತು.

ಪಾದವನ್ನು ಬಿಗಿಯುವ ಆ ಸಾಧನಕ್ಕೆ ಬೈಂಡಿಂಗ್ ಎನ್ನುತ್ತಾರೆ. ಸ್ಕೀ ಆಟದಲ್ಲಿ ಜೋರಾಗಿ ಬಿದ್ದರೆ ಬೈಂಡಿಂಗ್ ತಾನೇ ಬಿಚ್ಚಿಕೊಳ್ಳುತ್ತದೆ. ಸ್ನೋಬೋರ್ಡ್‌ನಲ್ಲಿ ಹಾಗಲ್ಲ, ಬಿದ್ದರೂ ಎರಡೂ ಕಾಲು ಹಲಗೆಗೆ ಅಂಟಿಕೊಂಡೇ ಇರುತ್ತವೆ. ಆದ್ದರಿಂದಲೇ ಪಾದ ಕೂರುವ ಕೋನ ಮಂಡಿಗೆ ಒಗ್ಗುವಂತಿರಬೇಕು. ಒಗ್ಗದಿದ್ದರೆ ಇಡೀ ದಿನ ಮಂಡಿ ತಿರುಚಿಕೊಂಡೇ ಇರುತ್ತದೆ.

ಎಡಗಾಲೋ, ಬಲಗಾಲೋ?

ಬಾಡಿಗೆ ಅಂಗಡಿಯ ಅರ್ಜಿಯಲ್ಲಿ ಎತ್ತರ, ತೂಕ, ಬೂಟಿನ ಅಳತೆಯ ಜತೆಗೆ ‘ರೆಗ್ಯುಲರ್ ಅಥವಾ ಗೂಫಿ’ ಎಂಬ ಪ್ರಶ್ನೆ ಇರುತ್ತದೆ. ಎಡಗಾಲು ಮುಂದಿಟ್ಟರೆ ರೆಗ್ಯುಲರ್, ಬಲಗಾಲು ಮುಂದಿಟ್ಟರೆ ಗೂಫಿ. ‘ಗೂಫಿ’ ಎಂಬ ಮಾತಿಗೆ ಪೆದ್ದ ಎಂಬ ಅರ್ಥವೂ ಇರುವುದರಿಂದ ಹೊಸಬರು ನಾಚಿಕೊಂಡು ರೆಗ್ಯುಲರ್‌ಗೆ ಗುರುತು ಹಾಕಿಬಿಡುತ್ತಾರೆ. ಎರಡರಲ್ಲಿ ಯಾವುದೂ ತಪ್ಪಲ್ಲ, ಯಾವುದೂ ಕೀಳಲ್ಲ. ಬಲಗೈ ಬಳಸುವವರೆಲ್ಲ ರೆಗ್ಯುಲರ್ ಎಂಬ ನಿಯಮವೂ ಇಲ್ಲ.

ಇದನ್ನು ತಿಳಿಯಲು ಕಾಲುಚೀಲ ಹಾಕಿಕೊಂಡು ನುಣುಪಾದ ನೆಲದ ಮೇಲೆ ನಾಲ್ಕು ಹೆಜ್ಜೆ ಓಡಿ ಜಾರಿ ನೋಡಬೇಕು. ಯೋಚಿಸದೆ ಯಾವ ಕಾಲು ಮುಂದೆ ಬಂತೋ ಅದೇ ಮುಂಗಾಲು. ಯಾರಾದರೂ ಹಿಂದಿನಿಂದ ಮೆಲ್ಲಗೆ ತಳ್ಳಿದಾಗ ಮೊದಲು ಮುಂದೆ ಬೀಳುವ ಕಾಲನ್ನು ಗಮನಿಸುವುದು ಇನ್ನೊಂದು ಉಪಾಯ. ಎರಡು ಪರೀಕ್ಷೆಗೂ ಒಂದೇ ಉತ್ತರ ಬಂದರೆ ಸರಿ. ಬೇರೆ ಬೇರೆ ಬಂದರೆ ಹಲಗೆ ಮೇಲೆ ಎರಡೂ ರೀತಿ ನಿಂತು ನೋಡಿ ಹಿತವೆನಿಸಿದ್ದನ್ನು ಆಯ್ದುಕೊಳ್ಳಬೇಕು. ಕ್ರಿಕೆಟ್ ಆಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಬಲಗೈ ಬ್ಯಾಟ್ಸ್‌ಮನ್ ಎಡಭುಜವನ್ನು ಬೌಲರ್ ಕಡೆಗೆ ಮಾಡಿ ನಿಲ್ಲುವಂತೆ ಇಲ್ಲಿಯೂ ಸಾಗುವ ದಿಕ್ಕಿಗೆ ಭುಜ ಕೊಟ್ಟು ಪಕ್ಕಕ್ಕೆ ನಿಲ್ಲುವುದು.

ಕೋನದ ಲೆಕ್ಕ

ಹಲಗೆಯ ಉದ್ದಕ್ಕೆ ಪಾದ ನೇರ ಅಡ್ಡವಾಗಿ ಕೂತರೆ ಅದು ಸೊನ್ನೆ ಡಿಗ್ರಿ. ಬೆರಳುಗಳು ಹಲಗೆಯ ಮೂತಿಯ ಕಡೆಗೆ ತಿರುಗಿದರೆ ಪ್ಲಸ್, ಬಾಲದ ಕಡೆಗೆ ತಿರುಗಿದರೆ ಮೈನಸ್. ಬೈಂಡಿಂಗ್‌ನ ನಡುವೆ ದುಂಡು ತಟ್ಟೆಯಿರುತ್ತದೆ. ಅದರ ಮೇಲೆ ಸಾಮಾನ್ಯವಾಗಿ ಮೂರು ಮೂರು ಡಿಗ್ರಿಗೆ ಗೆರೆಗಳಿರುತ್ತವೆ. ತಿರುಪು ಸಡಿಲಿಸಿ, ತಟ್ಟೆ ತಿರುಗಿಸಿ, ಮತ್ತೆ ಬಿಗಿದರೆ ಕೋನ ಬದಲಾಯಿತು.

ಕಲಿಯುವವರಿಗೆ ಹೆಚ್ಚಾಗಿ ಸೂಚಿಸುವುದು ಮುಂಗಾಲಿಗೆ ಪ್ಲಸ್ 15, ಹಿಂಗಾಲಿಗೆ ಮೈನಸ್ 6ರಿಂದ 9. ಎರಡೂ ಕಾಲಿಗೆ ಸಮನಾಗಿ 12 ಅಥವಾ 15 ಡಿಗ್ರಿ ಹೊರಕ್ಕೆ ತಿರುಗಿಸುವುದೂ ಉಂಟು. ಬಾತುಕೋಳಿಯ ಹೆಜ್ಜೆಯಂತೆ ಕಾಣುವುದರಿಂದ ಹೀಗೆ ಎರಡೂ ಪಾದ ಹೊರಕ್ಕೆ ತಿರುಗಿದ ನಿಲುವಿಗೆ ‘ಡಕ್’ ನಿಲುವು ಎನ್ನುತ್ತಾರೆ. ಹೊಸಬರಿಗೆ ಇದರಿಂದ ಒಂದು ಅನುಕೂಲವಿದೆ. ಮೊದಲ ಪಾಠದಲ್ಲಿ ಹಲಗೆಯನ್ನು ಇಳಿಜಾರಿಗೆ ಅಡ್ಡವಾಗಿಟ್ಟು, ಮರದಿಂದ ಉದುರುವ ಎಲೆ ತೂಗಾಡುತ್ತ ಬರುವಂತೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಜಾರಲು ಕಲಿಸುತ್ತಾರೆ. ಎರಡೂ ಪಾದ ಹೊರಕ್ಕೆ ತಿರುಗಿದ್ದರೆ ಎರಡೂ ದಿಕ್ಕಿಗೆ ಸಾಗುವುದು ಸಲೀಸು.

ಮುಂಗಾಲು 15, ಹಿಂಗಾಲು ಸೊನ್ನೆ ಎಂಬ ಜೋಡಿಯೂ ಚಾಲ್ತಿಯಲ್ಲಿದೆ. ನಡೆಯುವಾಗ ಪಾದ ನೇರವಾಗಿ ಬೀಳುವವರಿಗೆ ಇದು ಒಗ್ಗಬಹುದು, ಪಾದ ಹೊರಕ್ಕೆ ಬೀಳುವವರಿಗೆ ಹಿಂಗಾಲಿನ ಮಂಡಿ ಬಿಗಿದಂತಾಗುತ್ತದೆ. ಎರಡೂ ಪಾದಗಳನ್ನು ಮೂತಿಯ ಕಡೆಗೇ ತಿರುಗಿಸಿ, ಹಿಮಕ್ಕೆ ಕೈ ತಾಗುವಷ್ಟು ಬಾಗಿ ತಿರುಗುವ ಸವಾರರ ವಿಡಿಯೊಗಳು ಈಚೆಗೆ ಬಹಳ. ಅದು ವರ್ಷಗಟ್ಟಲೆ ಅಭ್ಯಾಸವಾದವರ ನಿಲುವು. ಮೊದಲ ದಿನ ಅದನ್ನು ಅನುಕರಿಸುವುದು ಬೇಡ.

ಹಾಗಾದರೆ ನಮ್ಮ ಕೋನ ಯಾವುದು? ಬರಿಗಾಲಲ್ಲಿ ನಿಂತಲ್ಲೇ ಮೂರ್ನಾಲ್ಕು ಸಲ ಜಿಗಿದು ಕೆಳಗೆ ನೋಡಿ. ಅಥವಾ ಊರಿನ ಅಭ್ಯಾಸದಂತೆ ಕುಕ್ಕರುಗಾಲಲ್ಲಿ ಕೂತು ನೋಡಿ. ಪಾದಗಳು ಸಹಜವಾಗಿ ಎಷ್ಟು ಹೊರಕ್ಕೆ ತಿರುಗಿವೆಯೋ ಅಲ್ಲಿಗೆ ಹತ್ತಿರದ ಕೋನವೇ ನಿಮ್ಮದು. ಹಲಗೆಯ ಮೇಲೆ ನಿಂತು ಮಂಡಿ ಬಗ್ಗಿಸಿದಾಗ ಮಂಡಿಚಿಪ್ಪು ಪಾದದ ಎರಡನೇ ಬೆರಳಿನ ನೇರಕ್ಕೆ ಬರಬೇಕು. ಭರತನಾಟ್ಯ ಕಲಿಯುವ ಮಕ್ಕಳಿರುವ ಮನೆಗಳಿಗೆ ಇದು ಹೊಸತಲ್ಲ. ಅರೆಮಂಡಿಯಲ್ಲಿ ಮಂಡಿ ಒಳಕ್ಕೆ ಬಿದ್ದರೆ ಗುರುಗಳು ಬಿಡುವುದಿಲ್ಲ, ಮಂಡಿ ಪಾದದ ದಿಕ್ಕಿಗೇ ಸಾಗಬೇಕು. ಹಲಗೆಯ ಮೇಲೆ ಪಾದವನ್ನು ಅಷ್ಟು ತಿರುಗಿಸುವುದಿಲ್ಲ, ತತ್ವ ಮಾತ್ರ ಅದೇ. ಮಂಡಿ ಒಳಕ್ಕೆ ಬೀಳುತ್ತಿದ್ದರೆ ಒಂದೊಂದು ಗೆರೆಯಷ್ಟೇ ಕೋನ ಬದಲಿಸಿ ನೋಡಬೇಕು.

ಅಂತರ, ಬೂಟು, ತಿರುಪು

ಎರಡು ಪಾದಗಳ ನಡುವಿನ ಅಂತರ ಭುಜದಗಲಕ್ಕಿಂತ ತುಸು ಹೆಚ್ಚಿದ್ದರೆ ಸಾಕು. ಮಂಡಿಚಿಪ್ಪಿನ ನಡುವಿನಿಂದ ಅಂಗಾಲಿನವರೆಗೆ ಅಳೆದರೆ ಸಿಗುವ ಅಳತೆ ಹೆಚ್ಚುಕಡಿಮೆ ಅದೇ. ಅಂದಾಜು ಹೇಳುವುದಾದರೆ ಐದಡಿಯ ಆಸುಪಾಸಿನವರಿಗೆ 18ರಿಂದ 19 ಇಂಚು, ಐದೂವರೆ ಅಡಿಯವರಿಗೆ 20ರ ಸುತ್ತಮುತ್ತ, ಆರಡಿಯವರಿಗೆ 22. ಬಹಳ ಅಗಲಿಸಿದರೆ ಮಂಡಿ ಬಗ್ಗಿಸುವುದು ಕಷ್ಟ, ಬಹಳ ಕಿರಿದಾದರೆ ಸಮತೋಲ ಸಾಲದು. ಹಲಗೆಯ ಮೇಲೆಯೇ ತಯಾರಕರು ಹಾಕಿದ ಗುರುತಿರುತ್ತದೆ, ಅಲ್ಲಿಂದ ಆರಂಭಿಸಬಹುದು.

ಬೂಟಿನ ತುದಿ ಮತ್ತು ಹಿಮ್ಮಡಿ ಹಲಗೆಯ ಎರಡು ಬದಿಗೂ ಸಮನಾಗಿ ಚಾಚಿರಬೇಕು. ಒಂದೇ ಕಡೆ ಹೆಚ್ಚು ಚಾಚಿದರೆ ತಿರುಗುವಾಗ ಹಿಮಕ್ಕೆ ತಾಗಿ ಮುಗ್ಗರಿಸುವುದು ಖಂಡಿತ. ದೊಡ್ಡ ಪಾದದವರು ಅಗಲದ ಹಲಗೆ ಕೇಳಿ ಪಡೆಯಬೇಕು. ಬೆಂಗಳೂರಿನಿಂದ ಹೊಸದಾಗಿ ಬಂದವರು ಇನ್ನೊಂದು ಮಾತು ನೆನಪಿಡಬೇಕು: ಊರಿನ 8ನೇ ನಂಬರಿನ ಗಂಡಸರ ಪಾದರಕ್ಷೆ ಇಲ್ಲಿ ಸುಮಾರು 9. ನಂಬರಿನ ಬದಲು ಸೆಂಟಿಮೀಟರ್ ಅಳತೆ ಹೇಳಿದರೆ ಗೊಂದಲವಿಲ್ಲ. ಬೂಟಿನೊಳಗೆ ಹಿಮ್ಮಡಿ ಮೇಲೇಳದಂತಿರಬೇಕು. ಕಾಲುಚೀಲ ಒಂದೇ ಸಾಕು, ಚಳಿಗೆಂದು ಎರಡು ಹಾಕಿದರೆ ಮಡಿಕೆ ಬಿದ್ದು ನೋಯುತ್ತದೆ.

ಕಾಲಿನ ಹಿಂದೆ ಆಸರೆಯಾಗಿ ನಿಲ್ಲುವ ಪಟ್ಟಿಯನ್ನು ಮುಂದಕ್ಕೆ ಬಾಗಿಸುವ ಸೌಲಭ್ಯವಿರುತ್ತದೆ. ಹೊಸಬರು ಅದನ್ನು ಸೊನ್ನೆಯಲ್ಲೇ ಬಿಡುವುದು ಒಳ್ಳೆಯದು. ಎರಡು ಸಲ ಇಳಿದ ಮೇಲೆ ತಿರುಪುಗಳು ಬಿಗಿಯಾಗಿವೆಯೇ ಎಂದು ನೋಡುವುದನ್ನೂ ಮರೆಯಬಾರದು.

ಇಷ್ಟೆಲ್ಲ ಸರಿಯಿದ್ದರೂ ನಿಲ್ಲುವ ರೀತಿ ಕೆಟ್ಟರೆ ಫಲವಿಲ್ಲ. ಮಂಡಿ ಸಡಿಲವಾಗಿ ಬಗ್ಗಿರಬೇಕು, ಭುಜಗಳು ಹಲಗೆಯ ನೇರಕ್ಕಿರಬೇಕು, ನೋಟ ಸಾಗುವ ಕಡೆಗಿರಬೇಕು. ಹೆದರಿದವರು ಹಿಂಗಾಲಿನ ಮೇಲೆ ಭಾರ ಹಾಕಿ ಹಿಂದಕ್ಕೆ ವಾಲುತ್ತಾರೆ. ಆಗ ಮೂತಿ ಹಗುರವಾಗಿ ಹಲಗೆ ಮಾತು ಕೇಳುವುದಿಲ್ಲ, ವೇಗ ಇನ್ನಷ್ಟು ಹೆಚ್ಚುತ್ತದೆ. ಭಾರ ಎರಡೂ ಕಾಲಿಗೆ ಸಮನಾಗಿ, ಬೇಕಾದರೆ ಮುಂಗಾಲಿಗೆ ತುಸು ಹೆಚ್ಚಾಗಿ ಇರಲಿ.

ಕೈ ಮುರಿದರೆ ಕೆಲಸವೂ ನಿಲ್ಲುತ್ತದೆ

ಸ್ನೋಬೋರ್ಡ್ ಕಲಿಯುವವರಿಗೆ ಹೆಚ್ಚಾಗಿ ಪೆಟ್ಟಾಗುವುದು ಮಣಿಕಟ್ಟಿಗೆ. ಕಾಲು ಕಟ್ಟಿರುವುದರಿಂದ ಬೀಳುವಾಗ ಕೈ ಊರುವುದು ಸಹಜ. ಇಲ್ಲಿನ ಬೆಟ್ಟಗಳಲ್ಲಿ ಬಹುಪಾಲು ಯಂತ್ರದಿಂದ ಮಾಡಿದ ಹಿಮ. ಹಗಲು ಕರಗಿ ರಾತ್ರಿ ಗಟ್ಟಿಯಾದರೆ ಅದು ಕಲ್ಲಿನಂತೆಯೇ. ನಮ್ಮ ಬಳಗದ ಯುವಕನೊಬ್ಬ ಮೊದಲ ಚಳಿಗಾಲದಲ್ಲೇ ಮಣಿಕಟ್ಟು ಮುರಿದುಕೊಂಡ. ಶನಿವಾರದ ಉದ್ದ ಸಾಲಿನಲ್ಲಿ ನಿಂತವನು ಅರ್ಜಿಯ ಪ್ರಶ್ನೆ ಅರ್ಥವಾಗದೆ ಗೆಳೆಯ ಬರೆದದ್ದನ್ನೇ ಬರೆದಿದ್ದ. ಗೆಳೆಯನ ಕಾಲು ಬೇರೆ, ಇವನ ಕಾಲು ಬೇರೆ. ಅದೊಂದೇ ಕಾರಣವೆಂದು ಹೇಳಲಾಗದು, ಬೆಳಗಿನಿಂದ ಒಗ್ಗದ ನಿಲುವಿನಲ್ಲಿ ಬಿದ್ದು ಎದ್ದು ದಣಿದಿದ್ದಂತೂ ನಿಜ. ಆರು ವಾರ ಒಂದೇ ಕೈಯಲ್ಲಿ ಕೀಬೋರ್ಡ್ ಒತ್ತಿದ. ಅಷ್ಟು ದಿನವೂ ‘ನೆಟ್‌ವರ್ಕ್ ಸರಿಯಿಲ್ಲಮ್ಮ’ ಎಂದು ಕ್ಯಾಮೆರಾ ಆಫ್ ಮಾಡಿಯೇ ಊರಿಗೆ ಮಾತಾಡಿದ. ಅಮ್ಮನಿಗೆ ಪಟ್ಟಿ ಕಾಣಬಾರದಲ್ಲ!

ವೀಸಾದ ಮೇಲೆ ಕೆಲಸ ಮಾಡುತ್ತಿರುವವರಿಗೆ, ಒಬ್ಬರ ಸಂಬಳದಲ್ಲೇ ಮನೆ ನಡೆಯುವ ಕುಟುಂಬಗಳಿಗೆ ಇದು ಸಣ್ಣ ಸಂಗತಿಯಲ್ಲ. ಮಣಿಕಟ್ಟಿನ ಕವಚ ಕೊಳ್ಳುವುದು ಹೆಚ್ಚಿನ ಖರ್ಚೇನಲ್ಲ. ಬೀಳುವಾಗ ಅಂಗೈ ಬಿಚ್ಚದೆ ಮುಷ್ಟಿ ಕಟ್ಟಿ, ಮುಂದೋಳಿನ ಮೇಲೆ ಅಥವಾ ಕುಂಡಿಯ ಮೇಲೆ ಬೀಳುವುದನ್ನು ಮೊದಲು ಕಲಿಯಬೇಕು. ಹದಿನೆಂಟು ತುಂಬದವರು ಸ್ಕೀ ಬೆಟ್ಟಗಳಲ್ಲಿ ಹೆಲ್ಮೆಟ್ ಧರಿಸಲೇಬೇಕೆಂಬ ಕಾನೂನು ನ್ಯೂಜೆರ್ಸಿಯಲ್ಲಿ 2011ರಿಂದ ಇದೆ. ದೊಡ್ಡವರಿಗೆ ಕಾನೂನಿಲ್ಲದಿದ್ದರೂ ತಲೆ ಒಂದೇ. ಊರಿನಿಂದ ಪ್ರವಾಸಿ ವೀಸಾದಲ್ಲಿ ಬಂದ ತಮ್ಮ, ತಂಗಿಯರನ್ನು ಕರೆದೊಯ್ಯುವವರು ಅವರ ವಿಮೆಯ ಪತ್ರ ಓದಿ ನೋಡಬೇಕು. ಹಿಮಕ್ರೀಡೆಯನ್ನು ಹೊರಗಿಟ್ಟ ಪಾಲಿಸಿಗಳು ಅನೇಕ.

ಬೆಟ್ಟದ ಗಾಳಿ, ಜನಸಂದಣಿಗೆ ಹೆದರುವವರು ಈಸ್ಟ್ ರದರ್‌ಫರ್ಡ್‌ನ ಅಮೆರಿಕನ್ ಡ್ರೀಮ್ ಮಾಲ್‌ನಲ್ಲಿ 2019ರ ಡಿಸೆಂಬರ್‌ನಲ್ಲಿ ತೆರೆದ ‘ಬಿಗ್ ಸ್ನೋ’ ಒಳಾಂಗಣ ಇಳಿಜಾರಿನಲ್ಲಿ ಮೊದಲ ಪಾಠ ಕಲಿಯಬಹುದು. ಚಳಿಯ ಉಡುಪೂ ಬಾಡಿಗೆಗೆ ಸಿಗುತ್ತದೆ. ಎಲ್ಲೇ ಹೋದರೂ ಗೆಳೆಯರ ಮಾತಿನ ಪಾಠಕ್ಕಿಂತ ತರಬೇತುದಾರರ ಒಂದು ತರಗತಿ ಮೇಲು.

ಹಿಮ ನಮ್ಮವರಿಗೆ ಒಗ್ಗದೆಂಬ ಮಾತಿಗೆ ಕೊಡಗಿನ ತೆಕ್ಕಡ ಭವಾನಿಯವರೇ ಉತ್ತರ. ಹಿಮ ಬೀಳದ ನಾಡಿನಲ್ಲಿ ಹುಟ್ಟಿ, ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದ ಸ್ಕೀಯಿಂಗ್‌ನಲ್ಲಿ ಕರ್ನಾಟಕಕ್ಕೆ ಪದಕ ತಂದವರು ಅವರು.

ಊರಲ್ಲಿರುವ ಹಿರಿಯರಿಗೆ ನಮ್ಮದೊಂದು ಸಲಹೆ. ‘ಹೋಗಬೇಡ’ ಎಂದರೆ ಮಕ್ಕಳು ಹೇಳದೆ ಹೋಗುತ್ತಾರೆ, ಬಿದ್ದರೆ ಕ್ಯಾಮೆರಾ ಆಫ್ ಮಾಡುತ್ತಾರೆ. ಅದರ ಬದಲು ರಜೆಗೆ ಮುಂಚಿನ ವಾರ ಫೋನಿನಲ್ಲಿ ನಾಲ್ಕು ಪ್ರಶ್ನೆ ಕೇಳಿ: ಯಾವ ಕಾಲು ಮುಂದೆ ಎಂದು ಮನೆಯಲ್ಲೇ ಜಾರಿ ನೋಡಿದೆಯಾ? ಬೈಂಡಿಂಗ್ ಕೋನ ಎಷ್ಟೆಂದು ಅಂಗಡಿಯವರಿಗೆ ಹೇಳುತ್ತೀಯಾ? ಮಣಿಕಟ್ಟಿನ ಕವಚ, ಹೆಲ್ಮೆಟ್ ತೆಗೆದುಕೊಂಡೆಯಾ? ಮೊದಲ ತರಗತಿಗೆ ಹೆಸರು ಕೊಟ್ಟೆಯಾ? ನಾಲ್ಕಕ್ಕೂ ‘ಹೂಂ’ ಎಂದರೆ ಹರಸಿ ಕಳಿಸಿ. ಸಂಜೆ ವಿಡಿಯೊ ಕರೆ ಮಾಡಲು ಹೇಳುವುದನ್ನು ಮಾತ್ರ ಮರೆಯಬೇಡಿ.